ನಿಮಗೆ ಇದೆಲ್ಲ ಅಭ್ಯಾಸ ಆಗಿಬಿಟ್ಟಿರುತ್ತೆ ಅಲ್ವಾ?

ನಾನು ನರ್ಸ್ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದು. ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ. ನೆಂಟರು ಕೇಳುತ್ತಾರೆ. ನರ್ಸಿಂಗ್ ಸೇರಲೋ ಬೇಡವೋ ಎಂದು ಯೋಚಿಸುತ್ತಿರುವ ಮಕ್ಕಳು ಸ್ವಲ್ಪ ಹಿಂಜರಿಯುತ್ತಲೇ ಕೇಳುತ್ತಾರೆ. "ರಕ್ತ, ನೋವು, ಸಾವು, ದಿನಾ ನೋಡಿ ನೋಡಿ ನಿಮಗೆ ಅಭ್ಯಾಸ ಆಗಿಬಿಟ್ಟಿರುತ್ತೆ ಅಲ್ವಾ ಸಿಸ್ಟರ್?"

ತುಂಬಾ ವರ್ಷ ನಾನು "ಹೂಂ, ಆಗುತ್ತೆ" ಎಂದು ಹೇಳಿ ಮಾತು ಮುಗಿಸುತ್ತಿದ್ದೆ. ಕೇಳಿದವರಿಗೂ ಸಮಾಧಾನ, ನನಗೂ ಸುಲಭ. ಆದರೆ ಅದು ಪೂರ್ತಿ ನಿಜವಲ್ಲ. ಈ ಕೆಲಸಕ್ಕೆ ಬಂದು 16 ವರ್ಷವಾಯಿತು. ನಿಜವಾದ ಉತ್ತರವನ್ನು ಒಮ್ಮೆ ಕೂತು ಬರೆಯಬೇಕು ಅನಿಸಿದೆ.

ಕೈಗಂತೂ ಅಭ್ಯಾಸ ಆಗುತ್ತದೆ. ಆಗಲೇಬೇಕು. ಮೊದಲ ವರ್ಷ ಕ್ಯಾನುಲ, ಅಂದರೆ ಡ್ರಿಪ್ ಕೊಡಲು ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ, ಹಾಕುವಾಗ ನನ್ನ ಕೈ ನಡುಗುತ್ತಿತ್ತು. ಈಗ ಕಣ್ಣಿಗೆ ಕಾಣದ ರಕ್ತನಾಳವನ್ನೂ ಬೆರಳ ತುದಿ ಹುಡುಕಿಕೊಳ್ಳುತ್ತದೆ. ವಾರ್ಡಿನ ಆ ಕಡೆ ಅಲಾರಂ ಕೂಗಿದರೆ, ಅದು ಡ್ರಿಪ್ ಮುಗಿದದ್ದಕ್ಕೋ ರಕ್ತದಲ್ಲಿನ ಆಮ್ಲಜನಕದ ಮಟ್ಟ ಇಳಿದದ್ದಕ್ಕೋ ಎಂದು ತಿರುಗಿ ನೋಡದೆ ಗೊತ್ತಾಗುತ್ತದೆ. ಯಾರದ್ದಾದರೂ ಹೃದಯ ನಿಂತರೆ ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತಬೇಕು. ಆಗ ನಾವು ಅಳುತ್ತಾ ನಿಂತರೆ ಆ ಮನುಷ್ಯನಿಗೆ ಏನು ಉಪಯೋಗ? ಆ ಹೊತ್ತಿನ ನಮ್ಮ ಮುಖ ನೋಡಿ "ಇವರಿಗೆ ಮನಸ್ಸೇ ಇಲ್ಲ" ಅಂದುಕೊಳ್ಳುವವರಿದ್ದಾರೆ. ಆ ಶಾಂತ ಮುಖ ನಾವು ಕಲಿತ ವಿದ್ಯೆ. ರೋಗಿಗೋಸ್ಕರವೇ ಕಲಿತದ್ದು.

ಅಭ್ಯಾಸ ಆಗದೇ ಇರುವುದು ಸಾವಿನ ನಂತರದ ಹತ್ತು ನಿಮಿಷ. ಬೆಳಗಿನ ಜಾವ ನಾಲ್ಕು ಗಂಟೆಗೆ ಒಬ್ಬರು ಹೋಗುತ್ತಾರೆ. ಪರದೆ ಎಳೆಯುತ್ತೇವೆ. ಟ್ಯೂಬುಗಳನ್ನು ತೆಗೆಯುತ್ತೇವೆ. ಮೈ ಒರೆಸಿ, ಕೂದಲು ಬಾಚಿ, ಕಣ್ಣು ಮುಚ್ಚುತ್ತೇವೆ. "ಅಜ್ಜಿ, ಈಗ ಈ ಕಡೆ ತಿರುಗಿಸ್ತೀನಿ" ಎಂದು ನಾನು ಈಗಲೂ ಹೇಳುತ್ತೇನೆ. ಉಸಿರು ನಿಂತವರ ಜೊತೆ ಹೀಗೆ ಮಾತಾಡುವ ನರ್ಸ್‌ಗಳು ಬೇಕಾದಷ್ಟು ಜನ ಇದ್ದಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಆಮೇಲೆ ಕೈ ತೊಳೆದು, ಪರದೆಯ ಆಚೆ ಬಂದು, ಪಕ್ಕದ ಬೆಡ್ಡಿನವರಿಗೆ "ನಿದ್ದೆ ಬಂತಾ? ಇಂಜೆಕ್ಷನ್ ಟೈಮ್ ಆಯ್ತು" ಎಂದು ನಗುತ್ತಾ ಹೇಳಬೇಕು. ಅವರಿಗೆ ಗಾಬರಿ ಆಗಬಾರದಲ್ಲ. ಪರದೆಯ ಆ ಬದಿಯಿಂದ ಈ ಬದಿಗೆ ಮೂರೇ ಹೆಜ್ಜೆ. ಆ ಮೂರು ಹೆಜ್ಜೆಯಲ್ಲಿ ಏನನ್ನು ನುಂಗಿಕೊಳ್ಳುತ್ತೇವೋ, ಅದು ಎಲ್ಲಿಗೂ ಹೋಗುವುದಿಲ್ಲ. ಒಳಗೇ ಇರುತ್ತದೆ.

ಒಂದು ಕಾಲದಲ್ಲಿ ನನಗೆ ನಿಜವಾಗಿಯೂ ಅಭ್ಯಾಸ ಆಗಿತ್ತು. ಅದನ್ನೇ ಮುಖ್ಯವಾಗಿ ಹೇಳಬೇಕಾಗಿರುವುದು.

ಕೆಲಸಕ್ಕೆ ಸೇರಿ ಎಂಟನೇ ವರ್ಷ. ರಾತ್ರಿ ಪಾಳಿಗಳು ಜಾಸ್ತಿ ಇದ್ದವು. ಒಂದು ರಾತ್ರಿ ವಯಸ್ಸಾದ ಹೆಂಗಸೊಬ್ಬರು ನೀರು ಕೇಳಿದರು. "ಬಂದೆ" ಅಂದೆ. ಹೋದದ್ದು ಮುಕ್ಕಾಲು ಗಂಟೆಯ ನಂತರ. ತುಟಿ ಒಣಗಿತ್ತು. ಅವರು ಬೈಯಲಿಲ್ಲ, "ನಿಮಗೆ ತುಂಬಾ ಕೆಲಸ ಅಲ್ವಾ ಮಗಳೇ" ಅಂದರು. ಮೊದಲಾಗಿದ್ದರೆ ಆ ಮಾತಿಗೆ ನನ್ನ ಕರುಳು ಹಿಂಡಿದಂತೆ ಆಗುತ್ತಿತ್ತು. ಅವತ್ತು ಏನೂ ಆಗಲಿಲ್ಲ. ಲೋಟ ಹಿಡಿದೆ, ಕುಡಿಸಿದೆ, ಚಾರ್ಟಿನಲ್ಲಿ ಬರೆದೆ, ಮುಂದೆ ಹೋದೆ. ಬೇಸರವಿಲ್ಲ, ಮರುಕವಿಲ್ಲ, ನಾಚಿಕೆಯೂ ಇಲ್ಲ.

ಮನೆಯಲ್ಲಿ ಮಾತ್ರ ಸಣ್ಣ ಸದ್ದಿಗೂ ಸಿಡುಕುತ್ತಿದ್ದೆ. ರಜೆಯ ದಿನ ಪೂರ್ತಿ ಮಲಗಿದರೂ ಆಯಾಸ ಇಳಿಯುತ್ತಿರಲಿಲ್ಲ. ನಿದ್ದೆಯಲ್ಲಿ ಮಾನಿಟರ್ ಕೂಗುತ್ತಿತ್ತು. ಡ್ಯೂಟಿಗೆ ಹೊರಡುವ ಮುಂಚೆ ಒಂದು ಕಾಲಿಗೆ ಶೂ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು, ಇಪ್ಪತ್ತು ನಿಮಿಷ ಸುಮ್ನೆ ಕೂತ ದಿನಗಳಿವೆ. ಅದಕ್ಕೆ ಏನು ಹೆಸರು ಅಂತ ನನಗೆ ಗೊತ್ತಿರಲಿಲ್ಲ. ನಾನು ಪಳಗಿದ್ದೇನೆ ಅಂದುಕೊಂಡಿದ್ದೆ.

ಅದನ್ನು ಕಂಡುಹಿಡಿದವರು ನಮ್ಮ ಇನ್‌ಚಾರ್ಜ್ ಸಿಸ್ಟರ್. ಒಂದು ಬೆಳಿಗ್ಗೆ ಮುಂದಿನ ಪಾಳಿಯವರಿಗೆ ರಿಪೋರ್ಟ್ ಕೊಟ್ಟು ಮುಗಿಸಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ನೀನು ಇತ್ತೀಚೆಗೆ ಯಾರ ಹೆಸರನ್ನೂ ಹೇಳ್ತಿಲ್ಲ ಕಣೆ" ಅಂದರು. ನಿಜ. "ಏಳನೇ ಬೆಡ್ಡು, ಹನ್ನೊಂದನೇ ಬೆಡ್ಡು, ಆ ಹರ್ನಿಯಾ" ಎಂದೇ ಇಡೀ ವಾರ್ಡನ್ನು ಒಪ್ಪಿಸಿದ್ದೆ. ಮೊದಲು ನಾನು ಹಾಗಿರಲಿಲ್ಲ ಎಂದು ಅವರಿಗೆ ನೆನಪಿತ್ತು. ನನಗೆ ಇರಲಿಲ್ಲ.

ಎಷ್ಟೋ ಆಮೇಲೆ ಓದುವಾಗ ಒಂದು ವಿಷಯ ಸಿಕ್ಕಿತು. ಇಸಾಬೆಲ್ ಮೆಂಜೀಸ್ ಎಂಬ ಮನೋವಿಶ್ಲೇಷಕಿ ಲಂಡನ್ನಿನ ಒಂದು ಆಸ್ಪತ್ರೆಯ ನರ್ಸ್‌ಗಳನ್ನು ಅಧ್ಯಯನ ಮಾಡಿ 1960ರಲ್ಲಿ ಪ್ರಕಟಿಸಿದ್ದರು. ಅಲ್ಲಿಯೂ ನರ್ಸ್‌ಗಳು ರೋಗಿಯನ್ನು "ಹತ್ತನೇ ಬೆಡ್ಡಿನ ಲಿವರ್" ಅನ್ನುವ ಹಾಗೆ ಕರೆಯುತ್ತಿದ್ದರು. ಅದು ಕೆಟ್ಟ ಸ್ವಭಾವವಲ್ಲ, ಸಂಕಟ ತಾಗದಿರಲಿ ಎಂದು ಕಟ್ಟಿಕೊಂಡ ಬೇಲಿ ಎನ್ನುವುದು ಅವರ ವಿವರಣೆ. ಆ ಬೇಲಿಯನ್ನು ಒಬ್ಬೊಬ್ಬ ನರ್ಸ್ ಮಾತ್ರ ಕಟ್ಟಿದ್ದಲ್ಲ. ಕೆಲಸ ಹಂಚುವ ಇಡೀ ವ್ಯವಸ್ಥೆಯೇ ಹಾಗೆ ಕಟ್ಟಿತ್ತು. ಆದರೆ ಬೇಲಿಯಿಂದ ಸಂಕಟ ಕಮ್ಮಿ ಆಗುತ್ತಿರಲಿಲ್ಲ. ಓದಿ ಸ್ವಲ್ಪ ಹೊತ್ತು ಪುಟ ತಿರುಗಿಸಲಾಗಲಿಲ್ಲ. ನಾನು ಹುಟ್ಟುವ ಎಷ್ಟೋ ಮುಂಚೆ ನನ್ನ ಬಗ್ಗೆ ಯಾರೋ ಬರೆದಿಟ್ಟಂತಿತ್ತು.

ಈ ಸ್ಥಿತಿಗೆ ಈಗ ಎಲ್ಲರೂ ಬರ್ನ್‌ಔಟ್ ಎಂಬ ಮಾತು ಬಳಸುತ್ತಾರೆ. ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಃಶಾಸ್ತ್ರಜ್ಞರು 1974ರಲ್ಲಿ ಇದರ ಬಗ್ಗೆ ಬರೆದರು. ಉಚಿತ ಕ್ಲಿನಿಕ್ಕಿನಲ್ಲಿ ದುಡಿಯುವವರು ಒಳಗಿಂದ ಸುಟ್ಟು ಬರಿದಾಗುವುದನ್ನು ಅವರು ಹತ್ತಿರದಿಂದ ಕಂಡಿದ್ದರು, ಸ್ವತಃ ಅನುಭವಿಸಿದ್ದರು. ಕ್ರಿಸ್ಟಿನಾ ಮಾಸ್ಲಾಕ್ ಎಂಬ ಮನಃಶಾಸ್ತ್ರಜ್ಞೆ 1981ರಲ್ಲಿ ಅದನ್ನು ಅಳೆಯುವ ಪ್ರಶ್ನಾವಳಿ ತಂದರು. ಅದು ಮೂರು ಸಂಗತಿ ನೋಡುತ್ತದೆ. ಮನಸ್ಸು ಬತ್ತಿಹೋಗುವುದು. ಎದುರಿಗಿರುವ ಮನುಷ್ಯ ವಸ್ತುವಿನಂತೆ ಕಾಣುವುದು. ನಾನು ಮಾಡುವ ಕೆಲಸಕ್ಕೆ ಬೆಲೆ ಇಲ್ಲ ಅನಿಸುವುದು. ಎರಡನೆಯದನ್ನು ಇನ್ನೊಮ್ಮೆ ಓದಿ. ಹೊರಗಿನವರ ಕಣ್ಣಿಗೆ ಅದು "ಅಭ್ಯಾಸ ಆಗಿದೆ" ಎಂದೇ ಕಾಣುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಬರ್ನ್‌ಔಟನ್ನು ಸೇರಿಸಿದೆ, ಆದರೆ ಕಾಯಿಲೆ ಎಂದು ಕರೆದಿಲ್ಲ. ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದಿದೆ. ಕೆಲಸದ ಜಾಗದಲ್ಲಿ ಬಹುಕಾಲ ಇರುವ, ಸರಿಯಾಗಿ ನಿಭಾಯಿಸದ ಒತ್ತಡದಿಂದ ಬರುವಂಥದ್ದು ಎಂದು ವಿವರಿಸಿದೆ. ಈ ವ್ಯತ್ಯಾಸ ನನಗೆ ಬಹಳ ಮುಖ್ಯ. ಮೂಲ ಕೆಲಸದಲ್ಲಿದ್ದರೆ ಮದ್ದನ್ನೂ ಅಲ್ಲೇ ಹುಡುಕಬೇಕಲ್ಲವೇ?

ನನ್ನ ಮಟ್ಟಿಗೆ ಮೂಲ ಒಂದು ಲೆಕ್ಕದಲ್ಲಿತ್ತು. ಆ ರಾತ್ರಿ ನೀರು ಕೇಳಿದ ಅಜ್ಜಿಯೂ ಸೇರಿ ನನ್ನ ಪಾಲಿಗೆ 22 ರೋಗಿಗಳಿದ್ದರು. ಒಬ್ಬರಿಗೆ ರಕ್ತ ಹಾಕುತ್ತಿದ್ದೆ. ರಕ್ತ ಏರಿಸಲು ಶುರು ಮಾಡಿದ ಮೊದಲ 15 ನಿಮಿಷ ಹತ್ತಿರವೇ ಇದ್ದು ನೋಡಬೇಕು. ಇನ್ನೊಬ್ಬರಿಗೆ ಉಸಿರಾಟ ಏರುಪೇರಾಗಿತ್ತು. ಆಪರೇಷನ್ ಮುಗಿಸಿ ಬಂದ ಮತ್ತೊಬ್ಬರ ಬಿಪಿ ಇಳಿಯುತ್ತಿತ್ತು. ಇಷ್ಟರ ನಡುವೆ ಒಂದು ಲೋಟ ನೀರು ಮುಕ್ಕಾಲು ಗಂಟೆ ಕಾಯಿತು. ನನಗೆ ಒಳ್ಳೆಯತನ ಜಾಸ್ತಿ ಇದ್ದಿದ್ದರೆ ಬೇಗ ಸಿಗುತ್ತಿತ್ತಾ? ಇಲ್ಲ. ಇನ್ನೊಬ್ಬ ನರ್ಸ್ ಇದ್ದಿದ್ದರೆ ಸಿಗುತ್ತಿತ್ತು.

ಇದು ನನ್ನೊಬ್ಬಳ ಮಾತಲ್ಲ. ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಜೊತೆಯವರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹತ್ತು ಸಾವಿರಕ್ಕೂ ಹೆಚ್ಚು ನರ್ಸ್‌ಗಳು ಅದರಲ್ಲಿದ್ದರು. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತಿತ್ತು. ನರ್ಸ್ ಬರ್ನ್‌ಔಟ್ ಆಗುವ ಸಂಭವ ಶೇ. 23ರಷ್ಟು ಏರುತ್ತಿತ್ತು. ನರ್ಸ್‌ನ ದಣಿವು, ರೋಗಿಯ ಜೀವ, ಎರಡೂ ಒಂದೇ ಲೆಕ್ಕದ ಮೇಲೆ ನಿಂತಿವೆ. ಕ್ಯಾಲಿಫೋರ್ನಿಯಾ ಈ ಲೆಕ್ಕವನ್ನು ಕಾನೂನು ಮಾಡಿತು. 1999ರಲ್ಲಿ ಕಾಯ್ದೆ ಬಂತು, 2004ರಿಂದ ಜಾರಿಯಾಯಿತು. ಅಲ್ಲಿ ಐಸಿಯುನಲ್ಲಿ ಒಬ್ಬ ನರ್ಸ್‌ಗೆ ಇಬ್ಬರಿಗಿಂತ ಜಾಸ್ತಿ ರೋಗಿಗಳನ್ನು ಕೊಡುವಂತಿಲ್ಲ. ಸಾಮಾನ್ಯ ವಾರ್ಡಿನಲ್ಲಿ ಐದು. ಐದು! ಆ ಸಂಖ್ಯೆ ಓದಿದಾಗ ನನಗೆ ಹೊಟ್ಟೆಕಿಚ್ಚಾಗಲಿಲ್ಲ, ದುಃಖವಾಯಿತು. ಆ ಅಜ್ಜಿಯ ಒಣ ತುಟಿ ನೆನಪಾಯಿತು.

ಏನು ಮಾಡಬೇಕು ಅಂತ ಗೊತ್ತಿದ್ದೂ ಮಾಡಲಾಗದೆ ಉಳಿಯುವ ಈ ನೋವಿಗೆ ಆಂಡ್ರ್ಯೂ ಜೇಮ್ಟನ್ ಎಂಬ ತತ್ವಶಾಸ್ತ್ರಜ್ಞರು 1984ರಲ್ಲಿ ನೈತಿಕ ಸಂಕಟ ಎಂಬರ್ಥದ ಹೆಸರು ಕೊಟ್ಟರು. ಅವರು ಮಾತಾಡಿದ್ದು ನರ್ಸ್‌ಗಳ ಬಗ್ಗೆಯೇ. ದಣಿವಿಗಿಂತ ಇದು ಆಳಕ್ಕೆ ಇಳಿಯುತ್ತದೆ ಎಂಬುದು ನನ್ನ ಅನುಭವ. ದಣಿವು ನಿದ್ದೆ ಮಾಡಿದರೆ ಸ್ವಲ್ಪವಾದರೂ ಹೋಗುತ್ತದೆ. "ನಾನು ಮಾಡಬೇಕಿತ್ತು, ಮಾಡಲಿಲ್ಲ" ಅನ್ನುವುದು ನಿದ್ದೆಯಲ್ಲೂ ಬರುತ್ತದೆ.

ಆ ದಿನಗಳಲ್ಲಿ ನಮಗೆಲ್ಲ ಒತ್ತಡ ನಿಭಾಯಿಸುವ ಬಗ್ಗೆ ಒಂದು ಕಾರ್ಯಕ್ರಮ ಇಟ್ಟಿದ್ದರು. ನೈಟ್ ಡ್ಯೂಟಿ ಮುಗಿಸಿದವರೂ ಬರಲೇಬೇಕಿತ್ತು. ಉಸಿರಾಟದ ಅಭ್ಯಾಸ ಹೇಳಿಕೊಟ್ಟರು. ಅದರಿಂದ ಲಾಭವಿಲ್ಲ ಅಂತ ಹೇಳುವುದಿಲ್ಲ, ನಾನು ಈಗಲೂ ಮಾಡುತ್ತೇನೆ. ಆದರೆ ಹಿಂದಿನ ಸಾಲಿನಲ್ಲಿದ್ದ ಹುಡುಗಿ ಕೂತಲ್ಲೇ ನಿದ್ದೆ ಹೋಗಿದ್ದಳು, ಅದೇ ರಾತ್ರಿ ಅವಳಿಗೆ ಮತ್ತೆ ಡ್ಯೂಟಿ ಇತ್ತು. ಒಬ್ಬಳನ್ನು ಮೂರು ಜನರ ಕೆಲಸಕ್ಕೆ ನಿಲ್ಲಿಸಿ, ಗಟ್ಟಿಯಾಗಿರು ಎಂದು ಅವಳಿಗೇ ಪಾಠ ಹೇಳುವುದು ಅನ್ಯಾಯ. ಇದನ್ನು ನಾನು ಯಾವ ಸಭೆಯಲ್ಲಾದರೂ ಹೇಳುತ್ತೇನೆ.

ನಾನು ಹೊರಗೆ ಬಂದದ್ದು ಹೇಗೆ ಎಂದು ಕೇಳಿದರೆ, ಮುಖ್ಯವಾಗಿ ಇನ್‌ಚಾರ್ಜ್ ಸಿಸ್ಟರ್‌ನಿಂದ. ಅವರು ಜಗಳ ಮಾಡಿ ನನ್ನನ್ನು ಎರಡು ತಿಂಗಳು ರಾತ್ರಿ ಪಾಳಿಯಿಂದ ತೆಗೆಸಿದರು. ಕೌನ್ಸೆಲರ್ ಹತ್ತಿರ ಹೋಗು ಎಂದು ಒತ್ತಾಯ ಮಾಡಿದರು. ಹೋಗಲು ನನಗೆ ಭಯವಿತ್ತು. ತಲೆ ಸರಿ ಇಲ್ಲ ಅಂದುಕೊಳ್ಳುತ್ತಾರೆ, ಕೆಲಸದಿಂದ ತೆಗೆಯುತ್ತಾರೆ, ಇಂಥವೇ. ನಮ್ಮಲ್ಲಿ ಬಹಳ ಜನ ಇದೇ ಭಯದಿಂದ ಹೋಗುವುದಿಲ್ಲ. ಮೂರನೇ ಸಲ ಹೋದಾಗ ಆ ಲೋಟ ನೀರಿನ ಕಥೆ ಹೇಳಿದೆ. ಒಂದೂವರೆ ವರ್ಷದ ನಂತರ ಅವತ್ತು ಮೊದಲ ಸಲ ಅತ್ತೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಕೆಲಸದಿಂದ ದೂರ ಇದ್ದಾಗ ಸ್ವಲ್ಪ ಹಗುರ ಅನಿಸಿದರೆ ಅದು ಬರ್ನ್‌ಔಟ್ ಇರಬಹುದು. ರಜೆಯಲ್ಲೂ ಯಾವುದರಲ್ಲೂ ಆಸಕ್ತಿ ಇಲ್ಲ, ಎರಡು ವಾರವಾದರೂ ಮನಸ್ಸು ಮೇಲೇಳುತ್ತಿಲ್ಲ, ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದೆ ಅಂದರೆ ಅದು ಖಿನ್ನತೆ ಇರಬಹುದು. ಎರಡೂ ಒಟ್ಟಿಗೆ ಇರಲೂಬಹುದು. ಸಾಯುವ ಯೋಚನೆ ಬಂದರೆ ಅವತ್ತೇ ಯಾರಿಗಾದರೂ ಹೇಳಿ, ಅವತ್ತೇ ಡಾಕ್ಟರನ್ನು ನೋಡಿ. ಬೇರೆಯವರ ಎದೆನೋವನ್ನು "ನಾಳೆ ನೋಡೋಣ" ಅನ್ನುತ್ತೇವಾ? ನಮ್ಮದನ್ನೂ ಅನ್ನಬಾರದು.

ರಾತ್ರಿ ಪಾಳಿಗೆ ಮರಳಿದ ಮೇಲೆ ನಾವು ಒಂದು ಪದ್ಧತಿ ಶುರು ಮಾಡಿದೆವು. ಅಮೆರಿಕದ ವರ್ಜೀನಿಯಾದಲ್ಲಿ ಜೊನಾಥನ್ ಬಾರ್ಟೆಲ್ಸ್ ಎಂಬ ಎಮರ್ಜೆನ್ಸಿ ನರ್ಸ್ ತಂದದ್ದು ಅದು. ಯಾರಾದರೂ ತೀರಿಕೊಂಡರೆ, ಸುತ್ತ ಇದ್ದವರೆಲ್ಲ ಕೈಯಲ್ಲಿರುವುದನ್ನು ಬಿಟ್ಟು ಸ್ವಲ್ಪ ಹೊತ್ತು ಮೌನವಾಗಿ ನಿಲ್ಲುವುದು. ಈ ವ್ಯಕ್ತಿ ಬದುಕಿದ್ದರು, ಯಾರಿಗೋ ಬೇಕಾದವರಾಗಿದ್ದರು ಎಂದು ನೆನೆಯುವುದು. ನಾವು ಹೆಸರನ್ನೂ ಗಟ್ಟಿಯಾಗಿ ಹೇಳುತ್ತೇವೆ. ಒಂದು ನಿಮಿಷವೂ ಹಿಡಿಯುವುದಿಲ್ಲ. ಆ ಮೂರು ಹೆಜ್ಜೆ ದಾಟುವ ಮುಂಚೆ ಕಾಲೂರಲು ಅಷ್ಟು ಜಾಗ ಸಿಕ್ಕರೂ ದೊಡ್ಡದು. ರೋಗಿಗಳ ಸಂಖ್ಯೆ ಇದರಿಂದ ಕಮ್ಮಿ ಆಗುವುದಿಲ್ಲ, ಅದಕ್ಕೆ ಬೇರೆಯೇ ಜಗಳ ಮಾಡಬೇಕು. ಮಾಡುತ್ತಲೇ ಇದ್ದೇವೆ.

ನರ್ಸಿಂಗ್ ಸೇರಬಹುದಾ ಎಂದು ಕೇಳುವ ಮಕ್ಕಳಿಗೆ ನಾನು ಬೇಡ ಅನ್ನುವುದಿಲ್ಲ. ಈ ಕೆಲಸ ನನಗೆ ಪ್ರಾಣ. ಆದರೆ ಕೆಲಸಕ್ಕೆ ಸೇರುವ ದಿನ ಸಂಬಳ ಕೇಳಿದಷ್ಟೇ ಧೈರ್ಯವಾಗಿ ಇನ್ನೆರಡು ವಿಷಯ ಕೇಳಿ. ರಾತ್ರಿ ಪಾಳಿಯಲ್ಲಿ ಒಬ್ಬರಿಗೆ ಎಷ್ಟು ರೋಗಿಗಳು? ತಪ್ಪಾದಾಗ, ಸಾವಾದಾಗ ನಮ್ಮ ಜೊತೆ ಕೂತು ಮಾತಾಡುವವರು ಯಾರು? ಉತ್ತರ ಕೊಡಲು ತಡವರಿಸಿದರೆ ಅದನ್ನೂ ಗಮನಿಸಿ.

ಹಾಗಾಗಿ, ಅಭ್ಯಾಸ ಆಗುತ್ತಾ ಎಂದು ಕೇಳಿದರೆ ಈಗ ನಾನು "ಕೈಗೆ ಆಗಿದೆ, ಮನಸ್ಸಿಗೆ ಆಗದ ಹಾಗೆ ನೋಡಿಕೊಳ್ತಿದ್ದೀನಿ" ಅನ್ನುತ್ತೇನೆ. ಕೆಲವರಿಗೆ ಅರ್ಥವಾಗುತ್ತದೆ. ಹೋದ ವಾರ ಒಬ್ಬ ಹಳೆಯ ಗೆಳತಿ ಫೋನ್ ಮಾಡಿದ್ದಳು. ಅವಳು ಈ ಪ್ರಶ್ನೆ ಕೇಳಲಿಲ್ಲ. "ನಿನ್ನೆ ರಾತ್ರಿ ನಿನ್ನ ಹತ್ರ ಎಷ್ಟು ಜನ ಪೇಷಂಟ್ ಇದ್ರು?" ಅಂದಳು. ಮನೆಯವರನ್ನು ಬಿಟ್ಟರೆ ಯಾರೂ ನನ್ನನ್ನು ಹಾಗೆ ಕೇಳಿದ ನೆನಪಿಲ್ಲ. ಸಂಖ್ಯೆ ಹೇಳಿದೆ. ಆಮೇಲೆ ಒಬ್ಬೊಬ್ಬರ ಬಗ್ಗೆಯೂ ಹೇಳುತ್ತಾ ಹೋದೆ. ನಿದ್ದೆ ಮಾಡಬೇಕಾದ ಹೊತ್ತು, ಆದರೂ ಮುಕ್ಕಾಲು ಗಂಟೆ ಮಾತಾಡಿದೆ.