ವಿಜಯಪುರದಿಂದ ಕಾರವಾರಕ್ಕೆ: ಒಂದೇ ಹೆದ್ದಾರಿ ಹಿಡಿದು ಗಡಿಯ ಕಡಲೂರಿಗೆ

ನಮ್ಮ ವಿಜಯಪುರದ ಕಡೆಯವರು ಸಮುದ್ರ ನೋಡಲು ಹೊರಟರೆ ಗೋಕರ್ಣ, ಮುರುಡೇಶ್ವರ ಅಥವಾ ಗೋವಾ ಎನ್ನುತ್ತಾರೆ. ಕಾರವಾರ ಹೆಚ್ಚಿನವರ ಪಾಲಿಗೆ ಗೋವಾಕ್ಕೆ ಹೋಗುವಾಗ ಚಹಾ ಕುಡಿಯಲು ನಿಲ್ಲುವ ಊರು. ನನ್ನ ಅನುಭವದಲ್ಲಿ ಅದು ಎರಡು ರಾತ್ರಿಯಾದರೂ ತಂಗಿ ನೋಡಬೇಕಾದ ಊರು. ಅದರಲ್ಲೂ ನಮ್ಮವರು ನೋಡಲೇಬೇಕಾದದ್ದು, ಏಕೆಂದರೆ 17ನೆಯ ಶತಮಾನದಲ್ಲಿ ಅದು ನಮ್ಮ ಊರಿನ ಆದಿಲಶಾಹಿ ರಾಜ್ಯಕ್ಕೆ ಸೇರಿದ ಬಂದರಾಗಿತ್ತು. ಈ ಸಂಬಂಧವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಅಲ್ಲಿನ ಹೊಳೆ, ಕೋಟೆ, ಗಡಿ ಎಲ್ಲವೂ ಬೇರೆ ರೀತಿಯಲ್ಲೇ ಕಾಣಿಸುತ್ತವೆ. ಇದೇ ಪ್ರವಾಸವನ್ನು ಯೋಚಿಸುತ್ತಿರುವವರಿಗೆ ನೆರವಾಗಲೆಂದು ನಾನು ಕಂಡದ್ದನ್ನೂ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ದಾರಿಯ ವಿಷಯದಲ್ಲಿ ಗೊಂದಲವೇ ಇಲ್ಲ. ಸೊಲ್ಲಾಪುರದ ಕಡೆಯಿಂದ ಬಂದು ವಿಜಯಪುರವನ್ನು ಹಾಯ್ದು ಹೋಗುವ ರಾಷ್ಟ್ರೀಯ ಹೆದ್ದಾರಿ 52 ಕೊಲ್ಹಾರ, ಗದ್ದನಕೇರಿ ಕ್ರಾಸ್, ಕೆರೂರು, ನರಗುಂದ, ನವಲಗುಂದಗಳ ಮೂಲಕ ಹುಬ್ಬಳ್ಳಿ ಸೇರಿ, ಅಲ್ಲಿಂದ ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲೆಯಲ್ಲಿ ಕರಾವಳಿಯ ಹೆದ್ದಾರಿ 66ನ್ನು ಕೂಡುತ್ತದೆ. ಅಂಕೋಲೆಯಿಂದ ಬಲಕ್ಕೆ ತಿರುಗಿದರೆ ಮುಕ್ಕಾಲು ತಾಸಿನಲ್ಲಿ ಕಾರವಾರ. ಒಟ್ಟು ಸುಮಾರು 360 ಕಿಲೋಮೀಟರ್. ಊಟ, ಚಹಾ ಸೇರಿಸಿ ಎಂಟು ತಾಸು ಹಿಡಿದುಕೊಳ್ಳಬೇಕು. ಬೆಳಗಿನ ಐದಕ್ಕೆ ಬಿಟ್ಟರೆ ಕೊಲ್ಹಾರದ ಸೇತುವೆಯ ಮೇಲೆ, ಆಲಮಟ್ಟಿಯ ಹಿನ್ನೀರು ಎರಡೂ ಬದಿಗೆ ಹರಡಿಕೊಂಡಿರುವಲ್ಲಿ, ಹೊತ್ತು ಮೂಡುವುದನ್ನು ನೋಡಬಹುದು. ಅರಬೈಲ್ ಘಟ್ಟವನ್ನು ಕತ್ತಲಾದ ಮೇಲೆ ಇಳಿಯಬೇಡಿ. ತಿರುವುಗಳು ಬಿಗಿಯಾಗಿವೆ, ಭಾರದ ಲಾರಿಗಳು ಹಗಲು ರಾತ್ರಿ ಓಡಾಡುತ್ತವೆ, ಬಯಲಿನ ನೇರ ರಸ್ತೆಯಲ್ಲಿ ಪಳಗಿದ ನಮ್ಮ ಚಾಲಕರಿಗೆ ಅಲ್ಲಿ ಹೆಚ್ಚಿನ ಎಚ್ಚರ ಬೇಕು.

ಬಸ್ಸಿನಲ್ಲಿ ಹೋಗುವವರು ಹುಬ್ಬಳ್ಳಿಯಲ್ಲಿ ಬದಲಿಸುವುದು ಸುಲಭ. ಅಲ್ಲಿಂದ ಕಾರವಾರಕ್ಕೆ ಬಸ್ಸುಗಳಿವೆ. ರೈಲನ್ನೇ ನೆಚ್ಚಿಕೊಂಡವರು ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಮಡಗಾಂವಿಗೆ ಹೋಗಿ, ಅಲ್ಲಿ ಕೊಂಕಣ ರೈಲು ಹಿಡಿದು ಶಿರವಾಡದಲ್ಲಿರುವ ಕಾರವಾರ ನಿಲ್ದಾಣದಲ್ಲಿ ಇಳಿಯಬೇಕು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ದಶಕಗಳಿಂದ ಅರಣ್ಯದ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದೆ.

ಈ ರೈಲಿನ ಸಂಗತಿ ಕಾರವಾರದ ಚರಿತ್ರೆಯ ಒಳಗಿನ ಮಾತೇ ಆಗಿದೆ. ಘಟ್ಟದ ಮೇಲಿನ ಬಯಲುಸೀಮೆಯಿಂದ ಸರಕು ಇಳಿದು ಬಂದಾಗಲೆಲ್ಲ ಈ ಊರು ಬೆಳೆದಿದೆ, ಸರಕು ಬೇರೆ ದಾರಿ ಹಿಡಿದಾಗಲೆಲ್ಲ ಬಡವಾಗಿದೆ. 1638ರಲ್ಲಿ ಶಿರಸಿ ಬಳಿಯ ಸೋಂದಾ ಸೀಮೆಯ ಕರಿಮೆಣಸಿನ ಹೆಸರು ಕೇಳಿ ಇಂಗ್ಲೆಂಡಿನ ಕೋರ್ಟೀನ್ ಕಂಪನಿಯವರು ಇಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ತೆರೆದರು. ಆಗ ವಿಜಯಪುರದಲ್ಲಿ ಮುಹಮ್ಮದ್ ಆದಿಲಶಾಹನ ಆಳ್ವಿಕೆ. ಗೋಳಗುಮ್ಮಟ ಅವನದೇ ಸಮಾಧಿ. ಕೆಲವೇ ವರ್ಷಗಳಲ್ಲಿ ಮೆಣಸಿಗಿಂತ ಬಟ್ಟೆಯ ವ್ಯಾಪಾರ ದೊಡ್ಡದಾಯಿತು. ಹುಬ್ಬಳ್ಳಿ ಮತ್ತು ಅದರ ಸುತ್ತಿನ ಊರುಗಳಲ್ಲಿ ನೇಯ್ದ ನವಿರಾದ ಮಸ್ಲಿನ್ ಬಟ್ಟೆ, ನೀಲಿ ಬಣ್ಣದ ಒರಟು ಡಂಗರಿ ಬಟ್ಟೆ, ಏಲಕ್ಕಿ ಎಲ್ಲವೂ ಘಟ್ಟ ಇಳಿದು ಇಲ್ಲಿ ಹಡಗು ಹತ್ತುತ್ತಿದ್ದವು. ಶಿವಾಜಿ 1665ರಲ್ಲಿ ಇಲ್ಲಿನ ಇಂಗ್ಲಿಷರಿಂದ ಕಾಣಿಕೆ ವಸೂಲು ಮಾಡಿದರು. 1674ರಲ್ಲಿ ಅವರ ಸೈನ್ಯ ಊರನ್ನು ಸುಟ್ಟರೂ ಕೋಠಿಯನ್ನು ಮುಟ್ಟಲಿಲ್ಲ. ಆ ಹಳೆಯ ಕಾರವಾರ ಇದ್ದದ್ದು ಇಂದಿನ ಪೇಟೆಯಲ್ಲಲ್ಲ, ಅದರ ಮೂಡಣಕ್ಕೆ ಕಾಳಿ ಹೊಳೆಯ ದಂಡೆಯಲ್ಲಿರುವ ಕಡವಾಡದಲ್ಲಿ. 1801ರ ಹೊತ್ತಿಗೆ ಅದು ಹಾಳುಬಿದ್ದಿತ್ತು. ಪ್ರವಾಸಿಗರು ಯಾರೂ ಹೋಗದ ಕಡವಾಡಕ್ಕೆ ಆಟೋ ಮಾಡಿಕೊಂಡು ಹೋಗಿ ಬನ್ನಿ ಎಂದು ನಾನು ಹೇಳುತ್ತೇನೆ. ನೋಡಲು ದೊಡ್ಡ ಕಟ್ಟಡಗಳೇನೂ ಸಿಗುವುದಿಲ್ಲ, ಗದ್ದೆ, ತೆಂಗು, ಹೊಳೆಯ ತಿರುವು ಅಷ್ಟೇ. ಆದರೆ ಹಡಗುಗಳು ಬಯಲು ಕಡಲನ್ನು ಬಿಟ್ಟು ಹೊಳೆಯ ಒಳಗೇಕೆ ಆಸರೆ ಪಡೆಯುತ್ತಿದ್ದವು ಎಂಬುದು ಆ ಸ್ಥಳದಲ್ಲಿ ನಿಂತಾಗ ತಾನಾಗಿಯೇ ತಿಳಿಯುತ್ತದೆ.

ಈಗಿನ ಕಾರವಾರ ಬ್ರಿಟಿಷರು ಕಟ್ಟಿದ ಊರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದಾಗ ಮೀನುಗಾರರ ಹಳ್ಳಿಯಾಗಿದ್ದ ಜಾಗ ಜಿಲ್ಲಾ ಕೇಂದ್ರವಾಯಿತು. ಧಾರವಾಡ ಸೀಮೆಯ ಹತ್ತಿ ಇಲ್ಲಿಂದಲೇ ಹಡಗು ಹತ್ತಬೇಕೆಂಬ ಆಸೆ ದೊಡ್ಡದಾಗಿತ್ತು. ಆದರೆ 1880ರ ದಶಕದಲ್ಲಿ ರೈಲು ಹುಬ್ಬಳ್ಳಿಯ ಕಡೆಯಿಂದ ಪೋರ್ಚುಗೀಸರ ಮುರಗಾಂವ್ ಬಂದರಿಗೆ ಹೋಯಿತು. ಹತ್ತಿಯೂ ಅದರ ಹಿಂದೆಯೇ ಹೋಯಿತು. ಇಂದಿಗೂ ಕಾರವಾರದ ಬಂದರು ಇರಬೇಕಾದಷ್ಟು ದೊಡ್ಡದಾಗಿಲ್ಲ ಎಂದು ಅಲ್ಲಿಯ ಹಿರಿಯರು ಹೇಳುವಾಗ ಈ ಹಿನ್ನೆಲೆ ನಮಗೆ ತಿಳಿದಿರಬೇಕು.

ಊರೊಳಗೆ ನೋಡುವ ಕ್ರಮ ಹೀಗಿರಲಿ. ಸಂಜೆ ತಲುಪಿದವರು ನೇರವಾಗಿ ರವೀಂದ್ರನಾಥ ಟ್ಯಾಗೋರ್ ಕಡಲತೀರಕ್ಕೆ ಹೋಗಬಹುದು. ಬ್ರಿಟಿಷರ ಕಾಲದ ಉನ್ನತ ಆಡಳಿತ ಸೇವೆಯಾದ ಐಸಿಎಸ್ ಸೇರಿದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಟ್ಯಾಗೋರ್ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಅವರ ಕಿರಿಯ ತಮ್ಮ ರವೀಂದ್ರನಾಥರು ಬಂದು ಉಳಿದು ಇಲ್ಲಿಯೇ ಒಂದು ನಾಟಕವನ್ನು ಬರೆದರು. ತೀರದ ಮೇಲೆ ನಿವೃತ್ತವಾದ ಯುದ್ಧನೌಕೆ ‘ಚಾಪಲ್’ ಮತ್ತು ಅದರ ಪಕ್ಕದಲ್ಲಿ ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನವನ್ನು ಸಂಗ್ರಹಾಲಯಗಳಾಗಿ ಇಟ್ಟಿದ್ದಾರೆ. ಮಕ್ಕಳಿದ್ದರೆ ಒಂದು ತಾಸು ಬೇಕು, ಇಲ್ಲದಿದ್ದರೆ ಅರ್ಧ ತಾಸು ಸಾಕು.

ಬೆಳಗಿನ ಹೊತ್ತನ್ನು ಮಾತ್ರ ಮೀನಿಗೆ ಮೀಸಲಿಡಿ, ನೀವು ಶಾಕಾಹಾರಿಯಾಗಿದ್ದರೂ ಸರಿ. ಬೈತಖೋಲ ಬಂದರಿಗೆ ಬೆಳಿಗ್ಗೆ ಆರರ ಸುಮಾರಿಗೆ ಹೋದರೆ ದೋಣಿಗಳು ಮರಳುವುದನ್ನು ನೋಡಬಹುದು. ಬುಟ್ಟಿಗಳು ಕೈಯಿಂದ ಕೈಗೆ ದಾಟಿ ದಕ್ಕೆಯ ಮೇಲೆ ಬರುತ್ತವೆ. ಬಂಗಡೆ, ತಾರ್ಲೆ, ಇಸ್ವಾಣಗಳನ್ನು ಬೇರೆ ಬೇರೆ ಗುಡ್ಡೆ ಮಾಡುತ್ತಾರೆ. ಮೇಲೆ ಹದ್ದುಗಳು ಸುತ್ತುತ್ತಿರುತ್ತವೆ. ಮಾರುವ ಹೆಂಗಸರು ಕೊಂಕಣಿಯಲ್ಲಿ ದರ ಕೂಗುತ್ತಿದ್ದವರು ನಮ್ಮ ಮಾತು ಕೇಳಿದ ಕೂಡಲೇ ಕನ್ನಡಕ್ಕೆ ಬರುತ್ತಾರೆ. “ನೋಡ್ರಿ, ಕಿವಿರು ಕೆಂಪಗೆ ಉಂಟು” ಎಂದು ಒಬ್ಬರು ಬಂಗಡೆಯ ಕಿವಿರನ್ನು ಹೆಬ್ಬೆರಳಿನಿಂದ ಎತ್ತಿ ತೋರಿಸಿದರು. ತಾಜಾ ಮೀನನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಪಾಠ ಬಯಲುಸೀಮೆಯವರಿಗೆ ಬೇರೆಲ್ಲೂ ಸಿಗಲಾರದು.

ಅದೃಷ್ಟವಿದ್ದರೆ ದಡದಲ್ಲಿ ಬಲೆ ಎಳೆಯುವುದೂ ಕಾಣಸಿಗುತ್ತದೆ. ಒಂದು ಕಾಲದಲ್ಲಿ ಈ ತೀರದ ಜೀವನವೇ ರಂಪಣಿ ಬಲೆಯ ಸುತ್ತ ನಡೆಯುತ್ತಿತ್ತು. ದೋಣಿಯಲ್ಲಿ ಬಲೆಯನ್ನು ಅರ್ಧ ಚಂದ್ರಾಕಾರವಾಗಿ ಬಿಟ್ಟು, ಅದರ ಎರಡೂ ತುದಿಗಳನ್ನು ದಡದಿಂದ ಹತ್ತಾರು ಜನ ಸಾಲಾಗಿ ನಿಂತು ತಾಸುಗಟ್ಟಲೆ ಎಳೆಯುತ್ತಿದ್ದರು, ಸಿಕ್ಕಿದ್ದನ್ನು ಪಾಲು ಹಂಚಿಕೊಳ್ಳುತ್ತಿದ್ದರು. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬೋಟುಗಳು ಬಂದು, ದಡಕ್ಕೆ ಬರುವ ಮೊದಲೇ ಬಂಗಡೆಯ ಹಿಂಡನ್ನು ಸುತ್ತುವರಿದು ಎತ್ತತೊಡಗಿದ ಮೇಲೆ ರಂಪಣಿ ಹಿಂದೆ ಸರಿಯಿತು. ಈಗ ಕಾಣುವುದು ಹೆಚ್ಚಾಗಿ ಸಣ್ಣ ಬಲೆಗಳು. ಎಳೆಯುವವರ ಜೊತೆ ಕೈಜೋಡಿಸಲು ಕೇಳಿದರೆ ಬೇಡವೆನ್ನುವುದಿಲ್ಲ. ಹಗ್ಗ ಒದ್ದೆಯಾಗಿ, ಮರಳು ಮೆತ್ತಿ, ಅಂಗೈಯನ್ನು ಉಜ್ಜಿ ಕೆಂಪು ಮಾಡುತ್ತದೆ ಎಂಬುದು ನೆನಪಿರಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಬಂದರು ಖಾಲಿಯಾಗಿರುತ್ತದೆ.

ಗಡಿಯನ್ನು ನೋಡಲು ಒಂದು ಪೂರ್ತಿ ದಿನ ತೆಗೆದಿಡಿ. ಕೋಡಿಬಾಗದಲ್ಲಿ ಕಾಳಿ ಹೊಳೆಯನ್ನು ದಾಟಬೇಕು. ಇಲ್ಲಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು. ಆಗ ಅದರ ಮೇಲಿದ್ದ ಲಾರಿಯ ಚಾಲಕನನ್ನು ಜೀವಂತವಾಗಿ ಪಾರುಮಾಡಲಾಯಿತು. ಪಕ್ಕದಲ್ಲಿದ್ದ ಹೊಸ ಸೇತುವೆಯೇ ಆಮೇಲೆ ಎರಡೂ ಕಡೆಯ ಸಂಚಾರವನ್ನು ಹೊತ್ತುಕೊಂಡಿತು. ದಾಟಿದ ಕೂಡಲೇ ಸಿಗುವ ಗುಡ್ಡ ಸದಾಶಿವಗಡ. 1715ರಲ್ಲಿ ಸೋಂದೆಯ ಅರಸ ಬಸವಲಿಂಗ ಹಳೆಯ ಕೋಟೆಯನ್ನು ಕೆಡವಿ ಇದನ್ನು ಕಟ್ಟಿಸಿ ತಂದೆ ಸದಾಶಿವನ ಹೆಸರಿಟ್ಟ. ಹೊಳೆಯ ಬಾಯಿಯನ್ನೇ ಹಿಡಿದು ನಿಂತ ಈ ಕೋಟೆಯಿಂದಾಗಿ ಇಂಗ್ಲಿಷರು 1720ರಲ್ಲಿ ಕೋಠಿ ಮುಚ್ಚಬೇಕಾಯಿತು. 1752ರಲ್ಲಿ ಪೋರ್ಚುಗೀಸರು ಅದನ್ನು ವಶಪಡಿಸಿಕೊಂಡರು, ಮುಂದೆ ಅದು ಹೈದರಾಲಿಯ ಕೈಗೆ ಬಂತು. ಹೆದ್ದಾರಿ ಈಗ ಗುಡ್ಡವನ್ನೇ ಸೀಳಿಕೊಂಡು ಹೋಗಿದೆ. ನಮ್ಮ ಕಡೆಯ ಕೋಟೆಗಳ ಎತ್ತರ, ಅಗಲ ಇಲ್ಲಿ ಇಲ್ಲ, ಉಳಿದಿರುವುದೂ ಕಡಿಮೆ; ಹತ್ತಬೇಕಾದದ್ದು ಮೇಲಿನಿಂದ ಕಾಣುವ ನೋಟಕ್ಕಾಗಿ. ಒಂದು ಕಡೆ ಕಾಳಿ, ಎದುರಿಗೆ ಸಮುದ್ರ, ಅದರಲ್ಲಿ ಕೂರ್ಮಗಡ ಮತ್ತು 1864ರ ದೀಪಸ್ತಂಭವಿರುವ ದೇವಗಡ ದ್ವೀಪ. ಗುಡ್ಡದಲ್ಲಿ ದುರ್ಗಾದೇವಿಯ ಗುಡಿಯೂ ದರ್ಗಾವೂ ಇವೆ. ಎರಡಕ್ಕೂ ಎಲ್ಲ ಜಾತಿ, ಮತದವರು ನಡೆದುಕೊಳ್ಳುತ್ತಾರೆ.

ಸದಾಶಿವಗಡದಿಂದ ಮುಂದೆ ಮಾಜಾಳಿ, ಅದರಾಚೆ ಗೋವಾದ ಪೋಳೆಂ. ಇಂದು ಅಬಕಾರಿ ಮತ್ತು ಪೊಲೀಸ್ ತಪಾಸಣೆ ಬಿಟ್ಟರೆ ಗಡಿಯೆಂಬುದು ಗೊತ್ತಾಗುವುದೇ ಇಲ್ಲ. ಆದರೆ 1961ರ ಡಿಸೆಂಬರ್‌ವರೆಗೆ ಇದು ಎರಡು ದೇಶಗಳ ಗಡಿಯಾಗಿತ್ತು. ಸೋಂದೆಯ ರಾಜ್ಯವನ್ನು ಹೈದರಾಲಿ ಗೆದ್ದಾಗ ಅಲ್ಲಿಯ ಅರಸ ಗೋವೆಗೆ ಹೋಗಿ ಆಶ್ರಯ ಪಡೆದ. 18ನೆಯ ಶತಮಾನ ಮುಗಿಯುವಷ್ಟರಲ್ಲಿ ಪೋಳೆಂ ಇರುವ ಕಾಣಕೋಣ ಸೀಮೆ ಪೋರ್ಚುಗೀಸರದಾಗಿ, ಒಂದೇ ರಾಜ್ಯವಾಗಿದ್ದ ನೆಲ ಎರಡಾಯಿತು. ನಂಟಸ್ತಿಕೆ, ದೇವರು, ಭಾಷೆ ಮಾತ್ರ ಎರಡಾಗಲಿಲ್ಲ. ಮಾಜಾಳಿಯ ಮನೆಗಳಲ್ಲಿ ಕೊಂಕಣಿ, ಶಾಲೆ ಮತ್ತು ಕಚೇರಿಗಳಲ್ಲಿ ಕನ್ನಡ, ಹಳೆಯ ತಲೆಮಾರಿನ ಓದಿನಲ್ಲಿ ಮರಾಠಿ ಇವೆ. ಗಡಿಯ ಜಗಳಗಳನ್ನು ಹತ್ತಿರದಿಂದ ಕಂಡ ನಮಗೆ ಈ ಸಹಜತೆ ಬಹಳ ಇಷ್ಟವಾಗುತ್ತದೆ. ಮಾಜಾಳಿಯ ತೀರದಿಂದ ಗುಡ್ಡ ಹತ್ತಿ ಇಳಿದರೆ ತಿಳಮಾತಿ ಎಂಬ ಸಣ್ಣ ಕಡಲತೀರವಿದೆ. ಅಲ್ಲಿಯ ಮರಳು ಕಪ್ಪಗೆ, ಎಳ್ಳಿನ ಕಾಳಿನಂತೆ ಬಿಡಿಬಿಡಿಯಾಗಿದೆ. ನೀರು, ಟೋಪಿ ಜೊತೆಗಿರಲಿ, ಅಂಗಡಿಗಳಿಲ್ಲ. ಗೋವಾದಿಂದ ಮದ್ಯ ತರುವವರನ್ನು ತಪಾಸಣೆಯಲ್ಲಿ ಹಿಡಿಯುತ್ತಾರೆ, ಆ ಸಾಹಸ ಬೇಡ.

ಅಂಜುದೀವವನ್ನು ದೂರದಿಂದಲೇ ನೋಡಬೇಕು. ಬಿಣಗಾ ಬಳಿಯ ಈ ದ್ವೀಪ ಕಾರವಾರದ ಎದುರಿಗಿದ್ದರೂ ಆಡಳಿತದಲ್ಲಿ ಗೋವಾಕ್ಕೆ ಸೇರಿದ್ದು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ತಂಗಿದ್ದ. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. ಮುಂಬಯಿಯನ್ನು ವಹಿಸಿಕೊಳ್ಳಲು ಬಂದ ಇಂಗ್ಲಿಷ್ ಸೈನಿಕರು, ಪೋರ್ಚುಗೀಸರು ಅದನ್ನು ಬಿಟ್ಟುಕೊಡದಿದ್ದಾಗ, ಇದೇ ದ್ವೀಪದಲ್ಲಿ ಕಾಯುತ್ತ ಕುಳಿತರು. 1664ರ ಹೊತ್ತಿಗೆ ಅವರ ನಾಯಕ ಅಬ್ರಹಾಂ ಶಿಪ್‌ಮನ್ ಸೇರಿದಂತೆ ಬಹುಪಾಲು ಜನ ಜ್ವರದಿಂದಲೂ ಬೇನೆಯಿಂದಲೂ ಸತ್ತಿದ್ದರು. 1961ರ ನವೆಂಬರ್‌ನಲ್ಲಿ ಪೋರ್ಚುಗೀಸರು ಇಲ್ಲಿಂದ ಪ್ರಯಾಣಿಕರ ಹಡಗಿನ ಮೇಲೂ ಮೀನುಗಾರರ ಮೇಲೂ ಗುಂಡು ಹಾರಿಸಿದ್ದು ಗೋವಾ ವಿಮೋಚನೆಯ ಕಾರ್ಯಾಚರಣೆಗೆ ಹತ್ತಿರದ ಕಾರಣವಾಯಿತು. ದ್ವೀಪವನ್ನು ಗೆಲ್ಲುವಾಗ ನಮ್ಮ ನೌಕಾಪಡೆಯ ಏಳು ಮಂದಿ ಪ್ರಾಣ ಕೊಟ್ಟರು. ಈಗ ಅದು ಸೀಬರ್ಡ್ ನೌಕಾನೆಲೆಯ ಆವರಣದಲ್ಲಿದೆ. ಅಂಕೋಲೆಯಿಂದ ಬರುವಾಗ ಹೆದ್ದಾರಿಯ ಪಕ್ಕಕ್ಕೆ ಉದ್ದಕ್ಕೂ ಕಾಣುವ ಗೋಡೆ ಇದೇ ನೆಲೆಯದು. ಅಲ್ಲಿ ವಾಹನ ನಿಲ್ಲಿಸಿ ಫೋಟೋ ತೆಗೆಯಬಾರದು. ನೆಲೆಗಾಗಿ ಊರು, ಗದ್ದೆ, ಕಡಲಿನ ದಾರಿ ಬಿಟ್ಟುಕೊಟ್ಟ ಸಾವಿರಾರು ಕುಟುಂಬಗಳಿವೆ. ಆಲಮಟ್ಟಿಗೆ ಊರು ಕಳೆದುಕೊಂಡವರ ನಡುವೆ ಬೆಳೆದ ನಮ್ಮ ಜಿಲ್ಲೆಯವರಿಗೆ ಅವರ ಮಾತು ಬೇಗ ಅರ್ಥವಾಗುತ್ತದೆ. ಮಾತಿಗೆ ಸಿಕ್ಕರೆ ಕೇಳಿಸಿಕೊಳ್ಳಿ.

ಹೋಗುವ ಕಾಲ ನವೆಂಬರ್‌ನಿಂದ ಫೆಬ್ರುವರಿ. ವಿಜಯಪುರದಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯಾದರೆ ಇಲ್ಲಿ 3000 ಮಿ.ಮೀ. ದಾಟುತ್ತದೆ; ಮಳೆಗಾಲದಲ್ಲಿ ಘಟ್ಟದಲ್ಲಿ ಗುಡ್ಡ ಕುಸಿಯುವ ಭಯವಿದೆ. ಜನವರಿಯಲ್ಲಿ ಕೂರ್ಮಗಡದ ನರಸಿಂಹ ಜಾತ್ರೆಗೆ ದೋಣಿಗಳು ಹೋಗುತ್ತವೆ, ದಿನ ವಿಚಾರಿಸಿಕೊಂಡು ಹೊಂದಿಸಿಕೊಳ್ಳಿ. ಒಣ ಬಿಸಿಲಿಗೆ ಒಗ್ಗಿದ ನಮಗೆ ಇಲ್ಲಿಯ ಸೆಕೆ ಬೇಗ ಸುಸ್ತು ತರುತ್ತದೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ವಿಶ್ರಾಂತಿ ಪಡೆದು, ಊಟದ ಜೊತೆ ಕೋಕಂ ಮತ್ತು ತೆಂಗಿನ ಹಾಲಿನ ಸೋಲಕಡಿ ಕುಡಿಯಿರಿ. ಶಾಕಾಹಾರಿ ಖಾನಾವಳಿಗಳಿಗೆ ಪೇಟೆಯಲ್ಲಿ ಕೊರತೆಯಿಲ್ಲ.

ಮರಳುವಾಗ ಬೇರೆ ದಾರಿ ಬೇಕೆನ್ನುವವರು ಕದ್ರಾ, ಅಣಶಿ, ಜೋಯಿಡಾ ಮೂಲಕ ಕಾಳಿ ಹುಲಿ ಸಂರಕ್ಷಿತ ಪ್ರದೇಶವನ್ನು ಹಾಯ್ದು ದಾಂಡೇಲಿ, ಹಳಿಯಾಳ, ಧಾರವಾಡ ಸೇರಬಹುದು. 2021ರ ಜುಲೈಯಲ್ಲಿ ಅಣಶಿ ಘಟ್ಟದಲ್ಲಿ ಗುಡ್ಡ ಕುಸಿದು ಈ ರಸ್ತೆ ಬಂದಾಗಿತ್ತು, ಆದ್ದರಿಂದ ಹೊರಡುವ ಮುನ್ನ ಕಾರವಾರದ ಬಸ್ ನಿಲ್ದಾಣದಲ್ಲಿ ಆ ದಾರಿಯ ಬಸ್ಸುಗಳು ಓಡುತ್ತಿವೆಯೇ ಎಂದು ಕೇಳಿಕೊಳ್ಳಿ. ಎಣ್ಣೆಯನ್ನು ಕಾರವಾರದಲ್ಲೇ ತುಂಬಿಸಿ, ಬೆಳಿಗ್ಗೆ ಎಂಟರೊಳಗೆ ಹೊರಟರೆ ಕಾಡಿನ ಭಾಗವನ್ನು ಹಗಲಿನಲ್ಲೇ ದಾಟಿ ರಾತ್ರಿಯ ಊಟಕ್ಕೆ ವಿಜಯಪುರ ತಲುಪಬಹುದು.