ಕರೆಂಟ್ ಹೋದರೆ ಕಾಲ್ ಯಾರದ್ದು?

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ, ಕೆಲಸ ಸಾಫ್ಟ್‌ವೇರ್ ಸಪೋರ್ಟ್. ತಂಡದವರು ಬೆಂಗಳೂರು, ಪುಣೆ, ಪೋಲೆಂಡ್‌ಗಳಲ್ಲಿ ಹಂಚಿಹೋಗಿದ್ದಾರೆ. ಜೂನ್ ಬಂತೆಂದರೆ ಇಲ್ಲಿ ತೆಂಗಿನ ಮಡಲು ಲೈನಿನ ಮೇಲೆ ಬಿದ್ದು ಕರೆಂಟ್ ಹೋಗುವುದು ಮಾಮೂಲು. ತಂಡದ ಲೀಡ್, ಅಂದರೆ ಮುಖ್ಯಸ್ಥರು, ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ ಎನ್ನುವ ವ್ಯವಸ್ಥೆ ನಮಗೆ ಆಗಿಬರುವುದೇ ಇಲ್ಲ.

ಸರ್ವರ್ ಕೆಟ್ಟು ನಿಂತಾಗ ಒಬ್ಬರು ಇನ್ಸಿಡೆಂಟ್ ಕಮಾಂಡರ್ ಆಗುತ್ತಾರೆ, ಅಂದರೆ ಯಾರು ಏನು ಮಾಡಬೇಕು ಎಂದು ಹೇಳುವ ಹೊಣೆ ಅವರದ್ದು. ನಾವು ಸುಮ್ನೆ ಐಸಿ ಅನ್ನುತ್ತೇವೆ. ಇದು ಸಾಫ್ಟ್‌ವೇರ್‌ನವರು ಹುಟ್ಟುಹಾಕಿದ್ದಲ್ಲ. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಕಾಡ್ಗಿಚ್ಚು ಎದ್ದಾಗ, ಬೇರೆ ಬೇರೆ ಇಲಾಖೆಯವರ ನಡುವೆ ಹೊಂದಾಣಿಕೆಯೇ ಆಗಲಿಲ್ಲ. ಆಮೇಲೆ ಅಲ್ಲಿನ ಅಗ್ನಿಶಾಮಕದವರು ಸೇರಿ ಮಾಡಿಕೊಂಡ ಕ್ರಮ. ಸ್ಥಳಕ್ಕೆ ಮೊದಲು ಬಂದವರೇ ಹೊಣೆ ಹೊರುತ್ತಾರೆ. ಮೇಲಧಿಕಾರಿ ಬಂದ ಮಾತ್ರಕ್ಕೆ ಅದು ತಾನಾಗಿ ಕೈ ಬದಲಾಗುವುದಿಲ್ಲ. ವಿಷಯ ಕೇಳಿ ತಿಳಿದುಕೊಂಡು, ಇನ್ನು ನಾನು ನೋಡುತ್ತೇನೆ ಎಂದು ಎಲ್ಲರಿಗೂ ಹೇಳಿಯೇ ವಹಿಸಿಕೊಳ್ಳಬೇಕು.

ನಮ್ಮ ಪೋಲೆಂಡಿನ ಮ್ಯಾನೇಜರ್ ಇದರಲ್ಲಿ ಕಟ್ಟುನಿಟ್ಟು. ಕಳೆದ ಮಳೆಗಾಲದಲ್ಲಿ ಒಮ್ಮೆ ಡೇಟಾಬೇಸ್ ನಿಂತಿತ್ತು. ನಾನು ಐಸಿ. ಗುಡುಗು ಶುರುವಾಗಿ ರೌಟರ್ ಪ್ಲಗ್ ಕೀಳಬೇಕಾಯಿತು. ಮೊಬೈಲಿನಿಂದಲೇ ಪುಣೆಯ ಹುಡುಗಿಗೆ ಬರೆದೆ: "ಇನ್ನು ನೀನೇ ಐಸಿ." ತಂಡಕ್ಕೆ ಹೊಸಬಳು, ಆದರೆ ಆ ಡೇಟಾಬೇಸ್ ಅವಳಿಗೆ ಗೊತ್ತಿದ್ದಷ್ಟು ನಮಗ್ಯಾರಿಗೂ ಗೊತ್ತಿರಲಿಲ್ಲ. ಮ್ಯಾನೇಜರ್ ಕಾಲ್‌ನಲ್ಲೇ ಇದ್ದರು. ಅವರೇ ವಹಿಸಿಕೊಳ್ಳಬಹುದಿತ್ತು, ಅಲ್ವಾ? ಆದರೆ ಅವರು ಅವಳನ್ನು ಕೇಳಿದ್ದು, "ನನಗೇನು ಕೆಲಸ ಕೊಡುತ್ತೀಯ?" ಗ್ರಾಹಕರಿಗೆ ಅರ್ಧ ಗಂಟೆಗೊಮ್ಮೆ ಅಪ್‌ಡೇಟ್ ಬರೆಯಿರಿ, ದೊಡ್ಡವರು ಯಾರೂ ಕಾಲ್‌ಗೆ ನುಗ್ಗದಂತೆ ನೋಡಿಕೊಳ್ಳಿ ಎಂದಳು. ಅಷ್ಟನ್ನೇ ಮಾಡಿದರು. ಮೀಟಿಂಗಿನಲ್ಲಿ ಬಹಳ ಮೆತ್ತಗೆ ಮಾತಾಡಿ, ಪ್ರತಿ ತೀರ್ಮಾನವನ್ನೂ ತಮ್ಮ ಕೈಯಲ್ಲೇ ಇಟ್ಟುಕೊಳ್ಳುವವರನ್ನೂ ನಾನು ನೋಡಿದ್ದೇನೆ. ಅವರಿಗಿಂತ ಈ ಒರಟು ಪೋಲೆಂಡಿನವರೇ ನನಗೆ ವಿನಯವಂತರಾಗಿ ಕಾಣುತ್ತಾರೆ.

ಹಾಗಂತ ಎಲ್ಲರೂ ನಾಯಕರು ಎಂದು ಬಿಟ್ಟರೆ ಯಾರೂ ಕೈಹಾಕುವುದಿಲ್ಲ. ಒಂದು ಹೊತ್ತಿಗೆ ಒಬ್ಬರೇ ಐಸಿ. ಐಸಿ ಆದವರು ತಾವೇ ರಿಪೇರಿಗೆ ಇಳಿದು ಕಮಾಂಡ್ ಟೈಪ್ ಮಾಡಲು ಕೂರಬಾರದು, ಆಗ ಒಟ್ಟು ಚಿತ್ರ ತಪ್ಪಿಹೋಗುತ್ತದೆ. ಬಿಟ್ಟುಕೊಡುವಾಗ ಏನು ಮಾಡಿ ನೋಡಿದೆವು, ಏನು ಬಾಕಿ, ಎಲ್ಲಿ ಅನುಮಾನ ಅಂತ ಬರೆದಿಡಬೇಕು. ಸಮಯ ಯುಟಿಸಿಯಲ್ಲೇ, ಅಂದರೆ ಎಲ್ಲ ದೇಶಕ್ಕೂ ಒಂದೇ ಆದ ಜಾಗತಿಕ ಸಮಯದಲ್ಲಿ. ಪೋಲೆಂಡಿನಲ್ಲಿ ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಬದಲಿಸುತ್ತಾರೆ. ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ನಿಮ್ಮ ಹತ್ತು ಗಂಟೆಯೋ ನಮ್ಮದೋ ಎಂಬ ಚರ್ಚೆಗೆ ಸರ್ವರ್ ಕಾಯುವುದಿಲ್ಲ.

ಇನ್ನೊಂದು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಅಂತ ಬೆಳೆದ ನಮ್ಮಂಥವರು ಇಂಗ್ಲಿಷ್ ಕಾಲ್‌ನಲ್ಲಿ ಬಾಯಿ ಬಿಡುವುದು ನಿಧಾನ. ಅದಕ್ಕೇ ಈಗ ಮೀಟಿಂಗ್ ಶುರುವಿನಲ್ಲಿ ಎಲ್ಲರೂ ಮೊದಲು ಡಾಕ್ಯುಮೆಂಟಿನಲ್ಲಿ ಬರೆಯುತ್ತೇವೆ, ಆಮೇಲೆ ಮಾತು. ಸೀನಿಯರ್‌ಗಳು ಕೊನೆಗೆ.

ಇನ್ನೂ ಸರಿಹೋಗದ್ದು ಅಪ್ರೈಸಲ್, ಅಂದರೆ ನಮ್ಮ ಕೆಲಸದ ಮೌಲ್ಯಮಾಪನ. ಫಾರ್ಮಿನಲ್ಲಿ "ನೇತೃತ್ವ ವಹಿಸಿದವರು" ಎಂಬಲ್ಲಿ ಒಂದೇ ಹೆಸರಿಗೆ ಜಾಗ. ಡೇಟಾಬೇಸ್ ನಿಂತ ಆ ದಿನದ್ದಕ್ಕೆ ಪುಣೆಯವಳ ಹೆಸರು ಹಾಕಿದೆವು. ಹುದ್ದೆ ಹೊಂದುವುದಿಲ್ಲ ಎಂದು ಎಚ್‌ಆರ್‌ನಿಂದ ವಾಪಸ್ ಬಂತು. ಮ್ಯಾನೇಜರ್ ಮತ್ತೆ ಅದೇ ಹೆಸರು ಬರೆದು ಕಳಿಸಿದ್ದಾರೆ.