ಖಂಬಾಟಕಿ ಘಾಟಿನಲ್ಲಿ ಜಾರಿದ ಗೇರು

2025ರ ಜೂನ್ ಎರಡನೆಯ ವಾರ. ಧಾರವಾಡದಲ್ಲಿರುವ ಅವ್ವನನ್ನು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಪುಣೆಗೆ ಕರೆತರಲು ಬೆಳಿಗ್ಗೆ ಐದೂವರೆಗೆ ವಾಕಡ್‌ನ ಮನೆಯಿಂದ ಒಬ್ಬಳೇ ಹೊರಟಿದ್ದೆ. ಶಿರವಳದ ಹತ್ತಿರ ನೀರಾ ನದಿಯನ್ನು ದಾಟಿ ಖಂಬಾಟಕಿ ಘಾಟಿನ ಏರು ಹಿಡಿಯುವ ಹೊತ್ತಿಗೆ ಮಳೆ ಜೋರಾಗಿತ್ತು. ಆಗ ಸುರಂಗವಿದ್ದದ್ದು ಸಾತಾರಾ ಕಡೆಯಿಂದ ಪುಣೆಗೆ ಬರುವವರಿಗೆ ಮಾತ್ರ. ಹೋಗುವವರು ಘಾಟನ್ನು ಹತ್ತಿಯೇ ಹೋಗಬೇಕಿತ್ತು. ಸಕ್ಕರೆ ಚೀಲ ಹೇರಿದ ಒಂದು ಲಾರಿಯನ್ನು ಹಿಂದೆ ಹಾಕಲೆಂದು ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಮುಳ್ಳು ನಾಲ್ಕು ಸಾವಿರಕ್ಕೆ ಹಾರಿತು, ಆದರೆ ಕಾರಿನ ವೇಗ ಅರವತ್ತರಿಂದ ನಲವತ್ತಕ್ಕೆ ಇಳಿಯಿತು. ಇಂಜಿನ್ ಕೂಗುತ್ತಿದೆ, ಗಾಲಿಗೆ ಬಲ ಹೋಗುತ್ತಿಲ್ಲ. ಎರಡನೆಯ ತಿರುವಿನಲ್ಲಿ ಒಂದು ಜೋರಾದ ಜರ್ಕ್ ಬಂದು ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿಕೊಂಡಿತು. ಅಲ್ಲಿಂದ ಮುಂದೆ ಗೇರು ಬದಲಾಗಲೇ ಇಲ್ಲ. ರಸ್ತೆಯ ಎಡ ಅಂಚಿಗೆ ಹೇಗೋ ತಂದು ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಪಕ್ಕದಲ್ಲಿ ಒಂದರ ಹಿಂದೊಂದು ಏದುಸಿರು ಬಿಡುತ್ತ ಏರುತ್ತಿದ್ದ ಲಾರಿಗಳನ್ನು ನೋಡುತ್ತ ಎರಡು ಗಂಟೆ ಕಾಲ ಟೋಯಿಂಗ್ ಗಾಡಿಗಾಗಿ ಕಾದೆ.

ಈ ಕಾರನ್ನು ನಾನು 2014ರ ಆಗಸ್ಟ್‌ನಲ್ಲಿ ಕೊಂಡದ್ದು. ಅದರ ಹಿಂದಿನ ವರ್ಷ ಎಡ ಮೊಣಕಾಲಿನ ಲಿಗಮೆಂಟ್ ಹರಿದು ಶಸ್ತ್ರಚಿಕಿತ್ಸೆಯಾಗಿತ್ತು. ಪುಣೆಯ ಟ್ರಾಫಿಕ್‌ನಲ್ಲಿ ದಿನಕ್ಕೆ ನೂರಾರು ಸಲ ಕ್ಲಚ್ ತುಳಿಯುವುದು ಸಾಧ್ಯವಿಲ್ಲವೆಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಹಾಗಾಗಿ ಆಟೋಮ್ಯಾಟಿಕ್ ನನಗೆ ಸೌಖ್ಯದ ಮಾತಾಗಿರಲಿಲ್ಲ, ಗಾಡಿ ಓಡಿಸಲು ಇದ್ದ ಒಂದೇ ದಾರಿಯಾಗಿತ್ತು. ವರ್ಷಕ್ಕೆ ಐದಾರು ಸಲ ಧಾರವಾಡ, ಉಳಿದ ದಿನಗಳಲ್ಲಿ ಹಿಂಜವಡಿಯ ಆಫೀಸು; ಹನ್ನೊಂದು ವರ್ಷಗಳಲ್ಲಿ 1,12,000 ಕಿಲೋಮೀಟರ್ ಓಡಿದ ಕಾರು ಅಲ್ಲಿಯವರೆಗೆ ಒಂದು ಸಲವೂ ನನ್ನನ್ನು ದಾರಿಯಲ್ಲಿ ಕೈಬಿಟ್ಟಿರಲಿಲ್ಲ.

ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಚ್ಚಿ ನೋಡಿದರು. ಪಿ0730 ಎಂಬ ಕೋಡ್ ಬಂತು. ಗೇರ್ ಬಾಕ್ಸಿನ ಒಳಗೆ ಹೋಗುವ ವೇಗಕ್ಕೂ ಹೊರಗೆ ಬರುವ ವೇಗಕ್ಕೂ ಇರಬೇಕಾದ ಅನುಪಾತ ತಾಳೆಯಾಗುತ್ತಿಲ್ಲ ಎಂಬುದಷ್ಟೇ ಅದರ ಅರ್ಥ. ಏಕೆ ತಾಳೆಯಾಗುತ್ತಿಲ್ಲ ಎಂಬುದನ್ನು ಆ ಕೋಡ್ ಹೇಳುವುದಿಲ್ಲ. ಅಲ್ಲಿಯ ಅಡ್ವೈಸರ್ ಕೂಡ ಹೇಳಲಿಲ್ಲ. ಗೇರ್ ಬಾಕ್ಸ್ ಬಿಚ್ಚುವ ಪದ್ಧತಿ ತಮ್ಮಲ್ಲಿಲ್ಲ, ಇಡೀ ಅಸೆಂಬ್ಲಿಯನ್ನೇ ಬದಲಿಸುತ್ತೇವೆ ಎಂದು ಹೇಳಿ ಅವರು ಒಂದು ಅಂದಾಜು ಪಟ್ಟಿಯನ್ನು ಕೈಗಿತ್ತರು. ಅಸೆಂಬ್ಲಿಗೆ 1,86,000, ಅದರ ಮೇಲೆ 28% ಜಿಎಸ್‌ಟಿ 52,080, ಕೂಲಿ ಮತ್ತು ಆಯಿಲ್ ಬೇರೆ. ಒಟ್ಟು ಎರಡು ಲಕ್ಷ ಅರವತ್ತೈದು ಸಾವಿರಕ್ಕೆ ಸ್ವಲ್ಪ ಮೇಲೆ. ಆ ವರ್ಷದ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ತೆರಿಗೆ 18%ಕ್ಕೆ ಇಳಿಯಿತು, ಮೂರು ತಿಂಗಳು ತಡವಾಗಿ ಕೆಟ್ಟಿದ್ದರೆ ಹದಿನೆಂಟು ಸಾವಿರ ಉಳಿಯುತ್ತಿತ್ತು ಎಂದು ಆಮೇಲೆ ಗೆಳತಿಯೊಬ್ಬಳು ಲೆಕ್ಕ ಹಾಕಿ ಹೇಳಿದಳು. ಆದರೆ ನನ್ನನ್ನು ಕಾಡಿದ್ದು ತೆರಿಗೆಯಲ್ಲ. ಹಳೆಯ ಕಾರು ಕೊಳ್ಳುವವರು ಓಡುವ ಸ್ಥಿತಿಯಲ್ಲಿ ಈ ಗಾಡಿಗೆ ಕಟ್ಟಿದ ಬೆಲೆಯೇ 2,40,000. ಗಾಡಿಯ ಬೆಲೆಗಿಂತ ಅದರ ಒಂದು ಅಂಗದ ಬೆಲೆ ಹೆಚ್ಚಾದಾಗ ಯಾರಾದರೂ ಒಂದು ಕ್ಷಣ ಕಂಗಾಲಾಗುತ್ತಾರೆ.

ಮುಂದಿನ ಮೂರು ದಿನ ಸಲಹೆಗಳಲ್ಲೇ ಕಳೆದವು. ನಮ್ಮ ಸೊಸೈಟಿಯ ಕನ್ನಡದವರೆಲ್ಲ ಮಾರಿಬಿಡು ಎಂದರು. ಕೆಟ್ಟ ಸ್ಥಿತಿಯಲ್ಲಿ ತೊಂಬತ್ತು ಸಾವಿರಕ್ಕಿಂತ ಹೆಚ್ಚು ಕೊಡುವವರಿರಲಿಲ್ಲ. ನನಗೆ ಬೇಕಾದಂಥ ಆಟೋಮ್ಯಾಟಿಕ್ ಹೊಸದಾಗಿ ಹತ್ತು ಲಕ್ಷಕ್ಕೆ ಕಡಿಮೆ ಸಿಗುತ್ತಿರಲಿಲ್ಲ. ಡೊಂಬಿವಲಿಯಲ್ಲಿರುವ ಭಾವ ಕುರ್ಲಾದ ಹಳೆ ಬಿಡಿಭಾಗಗಳ ಬಜಾರಿನಲ್ಲಿ ಇದೇ ಮಾದರಿಯ ಗೇರ್ ಬಾಕ್ಸ್ ಐವತ್ತೈದು ಸಾವಿರಕ್ಕೆ ಇದೆಯೆಂದು ಫೋಟೋ ಕಳಿಸಿದರು. ಹದಿನೈದು ದಿನದ ಗ್ಯಾರಂಟಿ. ನಾನು ಆ ಫೋಟೋವನ್ನು ಬಹಳ ಹೊತ್ತು ನೋಡಿದೆ. ಅಪಘಾತದಲ್ಲಿ ನುಜ್ಜುಗುಜ್ಜಾದ, ನನ್ನ ಕಾರಿನಷ್ಟೇ ವಯಸ್ಸಾದ ಇನ್ನೊಂದು ಕಾರಿನ ಹೊಟ್ಟೆಯಿಂದ ತೆಗೆದದ್ದು ಅದು. ನನ್ನದು ಯಾವ ಕಾರಣಕ್ಕೆ ಕೆಟ್ಟಿತೋ ಅದೇ ಕಾರಣ ಅದರೊಳಗೂ ಕೂತಿರಬಹುದಲ್ಲ, ಮೊದಲು ಆ ಕಾರಣ ಯಾವುದೆಂದು ತಿಳಿಯಬೇಡವೇ ಎಂಬ ಪ್ರಶ್ನೆ ಆಗ ಎದ್ದದ್ದು ಮತ್ತೆ ತಣ್ಣಗಾಗಲಿಲ್ಲ.

ಆ ರಾತ್ರಿ ಗ್ಲೋವ್ ಬಾಕ್ಸಿನಲ್ಲಿದ್ದ ಕೈಪಿಡಿ ಮತ್ತು ಹನ್ನೊಂದು ವರ್ಷಗಳ ಸರ್ವಿಸ್ ಬಿಲ್ಲುಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು ಕುಳಿತೆ. ಇಂಜಿನ್ ಆಯಿಲ್ ಪ್ರತಿ ಸಲ ಬದಲಾಗಿದೆ. ಬ್ರೇಕ್ ಆಯಿಲ್, ಕೂಲೆಂಟ್, ಎಲ್ಲ ಬದಲಾಗಿವೆ. ಗೇರ್ ಬಾಕ್ಸಿನ ಆಯಿಲ್, ಅಂದರೆ ಎಟಿಎಫ್, ಒಂದು ಬಿಲ್ಲಿನಲ್ಲೂ ಇಲ್ಲ. ಕೇಳಿದಾಗಲೆಲ್ಲ ಸರ್ವಿಸ್ ಸೆಂಟರಿನವರು ಅದು ಲೈಫ್‌ಟೈಮ್ ಆಯಿಲ್, ಮುಟ್ಟುವ ಅಗತ್ಯವಿಲ್ಲ ಎನ್ನುತ್ತಿದ್ದದ್ದು ನನಗೆ ನೆನಪಿತ್ತು. ಆದರೆ ಕೈಪಿಡಿಯ ಕೋಷ್ಟಕದ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ, ಕಠಿಣ ಬಳಕೆಯಲ್ಲಿ ಎಟಿಎಫ್ ಅನ್ನು ಬದಲಿಸಬೇಕೆಂಬ ಒಂದು ಸಾಲಿತ್ತು. ಕಠಿಣ ಬಳಕೆ ಎಂದರೆ ನಿಂತು ನಿಂತು ಸಾಗುವ ಟ್ರಾಫಿಕ್, ಬಿಸಿಲು, ಘಾಟಿ ರಸ್ತೆ ಎಂದು ವಿವರಣೆಯೂ ಇತ್ತು. ವಾಕಡ್‌ನಿಂದ ಹಿಂಜವಡಿಗೆ ದಿನವೂ ಆಮೆಯಂತೆ ತೆವಳುವ, ತಿಂಗಳು ಬಿಟ್ಟು ತಿಂಗಳು ಘಾಟು ಹತ್ತುವ ನನ್ನ ಕಾರಿಗೆ ಅದಕ್ಕಿಂತ ಸರಿಯಾದ ವರ್ಣನೆ ಇರಲಾರದು. ಹನ್ನೊಂದು ವರ್ಷ ಆ ಪುಸ್ತಕ ನನ್ನ ಕೈಗೆಟುಕುವ ಜಾಗದಲ್ಲೇ ಇತ್ತು. ಅದನ್ನು ಓದದಿದ್ದುದಕ್ಕೆ ಆ ರಾತ್ರಿ ನನಗೆ ನಿಜವಾಗಿಯೂ ದುಃಖವಾಯಿತು.

ಅಗ್ಗದ ಕಾರುಗಳಲ್ಲಿ ಬರುವ ಎಎಂಟಿ ಎಂಬ ಆಟೋಮ್ಯಾಟಿಕ್ ಬೇರೆ. ಅದು ಮೂಲತಃ ಮ್ಯಾನ್ಯುವಲ್ ಗೇರ್ ಬಾಕ್ಸೇ, ಕ್ಲಚ್ ಒತ್ತಿ ಗೇರು ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ ಅಷ್ಟೇ. ನನ್ನ ಕಾರಿನದು ಟಾರ್ಕ್ ಕನ್ವರ್ಟರ್, ಅಂದರೆ ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಎಣ್ಣೆ ತುಂಬಿದ ಜೋಡಣೆ, ಇರುವ ನಾಲ್ಕು ಗೇರಿನ ಹಳೆಯ ಬಗೆ. ಇದರಲ್ಲಿ ಎಣ್ಣೆಯ ಕೆಲಸ ಜಾರಿಕೆ ಕೊಡುವುದಷ್ಟೇ ಅಲ್ಲ. ಇಂಜಿನ್ನಿನ ಬಲವನ್ನು ದಾಟಿಸುವುದು ಎಣ್ಣೆ, ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದು ಅದೇ ಎಣ್ಣೆಯ ಒತ್ತಡ, ಅಲ್ಲಿ ಹುಟ್ಟಿದ ಶಾಖವನ್ನು ಹೊತ್ತುಕೊಂಡು ಹೋಗಿ ಕೂಲರಿಗೆ ಒಪ್ಪಿಸುವುದೂ ಅದೇ ಎಣ್ಣೆ. ಎಣ್ಣೆ ಸತ್ವ ಕಳೆದುಕೊಂಡರೆ ಮೂರೂ ಕೆಲಸ ಒಟ್ಟಿಗೇ ಕೆಡುತ್ತವೆ.

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಹಿಂಭಾಗದಲ್ಲಿ, ಲೇಥ್ ಅಂಗಡಿಗಳ ಸಾಲಿನಲ್ಲಿ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಕೆಲಸವನ್ನೇ ಮಾಡುವ ಒಬ್ಬ ಮಿಸ್ತ್ರಿ ಇದ್ದಾರೆಂದು ಸಹೋದ್ಯೋಗಿಯಿಂದ ತಿಳಿಯಿತು. ಹೋಗಿ ಹಿಂದಿ-ಮರಾಠಿ ಬೆರೆಸಿ ಮಾತಾಡುತ್ತಿದ್ದಾಗ, ನನ್ನ ಫೋನಿಗೆ ಅವ್ವನ ಕರೆ ಬಂದು ನಾನು ಕನ್ನಡದಲ್ಲಿ ಉತ್ತರಿಸಿದ್ದನ್ನು ಕೇಳಿ ಅವರ ಮುಖ ಅರಳಿತು. ಅವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಇಪ್ಪತ್ತೆರಡು ವರ್ಷದಿಂದ ಪುಣೆಯಲ್ಲಿದ್ದಾರೆ. ಕಂಪನಿಯ ಅಂದಾಜು ಪಟ್ಟಿಯನ್ನು ಓದಿ ಮಡಿಸಿ ನನ್ನ ಕೈಗೇ ಕೊಟ್ಟು ಹೇಳಿದರು: "ಅಕ್ಕಾರ, ಮೊದಲ ಪಾನ್ ಇಳಿಸಿ ನೋಡೂಣು. ನೋಡಲಾರದ ಬದಲಿ ಮಾಡ್ರಿ ಅಂತ ನಾ ಹೇಳಂಗಿಲ್ಲ, ರಿಪೇರಿ ಮಾಡ್ತೀನಿ ಅಂತನೂ ಹೇಳಂಗಿಲ್ಲ." ಪಾನ್ ಎಂದರೆ ಗೇರ್ ಬಾಕ್ಸಿನ ತಳದಲ್ಲಿ ಎಣ್ಣೆ ನಿಲ್ಲುವ ತಟ್ಟೆ.

ನಮ್ಮ ನಡುವೆ ಆದ ಒಪ್ಪಂದ ಸರಳವಾಗಿತ್ತು. ಬಿಚ್ಚಿ ನೋಡಲು ಆರು ಸಾವಿರ. ಕೆಲಸ ಅವರಿಗೇ ಕೊಟ್ಟರೆ ಅದು ಕೂಲಿಯಲ್ಲಿ ವಜಾ. ಕ್ಲಚ್ ಪ್ಲೇಟು, ಸೀಲು, ಎಣ್ಣೆಯ ದಾರಿ ತೆರೆದು ಮುಚ್ಚುವ ವಿದ್ಯುತ್ ಕವಾಟಗಳಾದ ಸೊಲೆನಾಯ್ಡ್‌ಗಳು ಮಾತ್ರ ಹೋಗಿದ್ದರೆ ದುರಸ್ತಿ. ಪ್ಲೇಟುಗಳನ್ನು ಹೊತ್ತ ಡ್ರಮ್, ಒಂದರ ಸುತ್ತ ಒಂದು ತಿರುಗುವ ಪ್ಲಾನೆಟರಿ ಗೇರುಗಳು ಅಥವಾ ಪಂಪು ಗೀರಿಬಿದ್ದಿದ್ದರೆ ದುರಸ್ತಿಯ ಮಾತು ಬೇಡ, ಹೊಸ ಅಸೆಂಬ್ಲಿಯೇ ಸರಿ. ಈ ಗೆರೆಯನ್ನು ಬಿಚ್ಚುವ ಮೊದಲೇ ಎಳೆದದ್ದು ಒಳ್ಳೆಯದಾಯಿತು ಎಂದು ಈಗಲೂ ಅನ್ನಿಸುತ್ತದೆ, ಏಕೆಂದರೆ ಬಿಚ್ಚಿಟ್ಟ ಯಂತ್ರದ ಮುಂದೆ ನಿಂತಾಗ ಖರ್ಚಾದ ಹಣದ ಮೋಹ ವಿವೇಚನೆಯನ್ನು ಎಳೆದಾಡುತ್ತದೆ.

ಶನಿವಾರ ಬೆಳಿಗ್ಗೆ ರಜೆಯಿದ್ದುದರಿಂದ ನಾನೂ ಹೋಗಿ ನಿಂತೆ. ಮಿಸ್ತ್ರಿ ಮೊದಲು ಡಿಪ್‌ಸ್ಟಿಕ್ ಎಳೆದು ಒಂದು ಹನಿಯನ್ನು ಬಿಳಿ ಟಿಶ್ಯೂ ಕಾಗದದ ಮೇಲೆ ಬಿಟ್ಟರು. ಹೊಸ ಎಟಿಎಫ್ ದಾಳಿಂಬೆ ರಸದಂತೆ ಕೆಂಪಾಗಿರುತ್ತದೆ. ನನ್ನದು ಕಷಾಯದ ಬಣ್ಣಕ್ಕೆ ತಿರುಗಿತ್ತು, ಹನಿಯ ನಡುವೆ ಕಪ್ಪು ಪುಡಿಯ ಒಂದು ಚುಕ್ಕೆ ಉಳಿಯಿತು, ಮೂಗಿನ ಹತ್ತಿರ ಹಿಡಿದರೆ ಸೀದುಹೋದ ಒಗ್ಗರಣೆಯ ಘಾಟು. ಹಾಲು ಬೆರೆಸಿದಂತೆ ತಿಳಿಗುಲಾಬಿ ಬಣ್ಣ ಬಂದಿದ್ದರೆ ರೇಡಿಯೇಟರಿನ ನೀರು ಒಳಗೆ ಸೇರಿದೆಯೆಂದು ಅರ್ಥ, ಆಗ ಪ್ಲೇಟಿನ ಅಂಟೇ ಬಿಟ್ಟುಹೋಗುತ್ತದೆ, ಅದೊಂದು ಆಗಿಲ್ಲ ಎಂದು ಅವರು ಸಮಾಧಾನ ಹೇಳಿದರು.

ಆಮೇಲೆ ಕಾರಿನಡಿ ಮಲಗಿ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಪಾನ್ ಇಳಿಸಿದರು. ಮೂರೂವರೆ ಲೀಟರ್ ಎಣ್ಣೆ ಬಿತ್ತು. ಉಳಿದರ್ಧ ಕನ್ವರ್ಟರಿನೊಳಗೇ ಇರುತ್ತದೆ. ಪಾನಿನ ತಳದಲ್ಲಿ ಎರಡು ಚೌಕಾಕಾರದ ಅಯಸ್ಕಾಂತಗಳಿದ್ದವು, ಅವುಗಳ ಮೇಲೆ ಬೂದುಬಣ್ಣದ ಕೆಸರು ದಪ್ಪಗೆ ಕೂತಿತ್ತು. ಮಿಸ್ತ್ರಿ ಅದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ, ನನ್ನ ಕೈ ಚಾಚಿಸಿ, ನನ್ನ ಬೆರಳಿಗೂ ಹಚ್ಚಿದರು. ಕಾಡಿಗೆಯಷ್ಟು ನುಣುಪು. ಎಲ್ಲೂ ಚುಚ್ಚಲಿಲ್ಲ. ಚೂರು, ಸಿಬಿರು ಏನಾದರೂ ಬೆರಳಿಗೆ ತಾಗಿದ್ದರೆ ಗಟ್ಟಿ ಭಾಗಗಳು ಒಡೆದಿವೆಯೆಂದು ಅಲ್ಲಿಗೇ ನಿಲ್ಲಿಸುತ್ತಿದ್ದೆ ಎಂದರು. ಆ ನುಣುಪು ಬೆರಳ ತುದಿಗೆ ತಿಳಿದ ಕ್ಷಣದಲ್ಲೇ ನನ್ನ ನಿರ್ಧಾರ ಮುಕ್ಕಾಲು ಪಾಲು ಆಗಿಹೋಗಿತ್ತು.

ಸಂಜೆಯ ಹೊತ್ತಿಗೆ ಗೇರ್ ಬಾಕ್ಸ್ ಬೆಂಚಿನ ಮೇಲೆ ತೆರೆದಿತ್ತು. ಕ್ಲಚ್ ಪ್ಲೇಟು ಎಂದರೆ ಉಕ್ಕಿನ ಬಳೆಯ ಎರಡೂ ಮೈಗೆ ಕಾಗದದಂಥ ಲೈನಿಂಗ್ ಅಂಟಿಸಿರುತ್ತಾರೆ. ಒಂದು ಕಟ್ಟಿನ ಪ್ಲೇಟುಗಳಲ್ಲಿ ಆ ಲೈನಿಂಗ್ ಪೂರ್ತಿ ಸುಟ್ಟು ಉದುರಿಹೋಗಿತ್ತು. ಅವುಗಳ ನಡುವಿನ ಬರಿ ಉಕ್ಕಿನ ಬಳೆಗಳ ಮೇಲೆ ನವಿಲುಗರಿಯ ನೀಲಿಯ ಕಲೆಗಳು ಎದ್ದಿದ್ದವು. ಆದರೆ ಡ್ರಮ್ಮಿನ ಒಳಮೈ ನಯವಾಗಿತ್ತು. ಪ್ಲಾನೆಟರಿ ಗೇರಿನ ಹಲ್ಲುಗಳನ್ನು ಟಾರ್ಚ್ ಬಿಟ್ಟು ಒಂದೊಂದಾಗಿ ನೋಡಿದೆವು, ಒಂದೂ ಮುರಿದಿರಲಿಲ್ಲ.

ನಾನು ಸರಿ, ದುರಸ್ತಿ ಮಾಡಿ ಎಂದೆ. ಮಿಸ್ತ್ರಿ ಮಾತ್ರ ತಲೆಯಾಡಿಸಿದರು. "ಇದು ಯಾಕ ಸುಟ್ಟತು ಅನ್ನೂದು ಇನ್ನೂ ತಿಳದಿಲ್ಲರಿ." ರೇಡಿಯೇಟರಿನ ಕೆಳಗಿನ ಟ್ಯಾಂಕಿನೊಳಗೆ ಎಟಿಎಫ್ ಹಾದುಹೋಗಿ ತಣಿಯುವ ಒಂದು ಕೂಲರ್ ಇರುತ್ತದೆ. ಅದರ ಎರಡೂ ಪೈಪುಗಳನ್ನು ಬಿಡಿಸಿ, ಒಂದು ತುದಿಯಿಂದ ಕೈಪಂಪಿನಲ್ಲಿ ಎಣ್ಣೆ ಒತ್ತಿದರು. ಇನ್ನೊಂದು ತುದಿಯಿಂದ ಧಾರೆಯಾಗಿ ಬೀಳಬೇಕಾದದ್ದು ನೂಲಿನಂತೆ ಇಳಿಯಿತು, ಆಮೇಲೆ ತೊಟ್ಟಿಕ್ಕಿತು. ಹಳಸಿದ ಎಣ್ಣೆಯ ಗಸಿ ವರ್ಷಗಳಿಂದ ಕೂತು ಕೂತು ಕೂಲರಿನ ದಾರಿ ಮುಚ್ಚಿತ್ತು. ತಣಿಯದ ಎಣ್ಣೆ ತೆಳುವಾಗಿ, ಒತ್ತಡ ಕಡಿಮೆಯಾಗಿ, ಪ್ಲೇಟುಗಳು ಜಾರಿ, ಜಾರಿದಷ್ಟೂ ಇನ್ನಷ್ಟು ಕಾದು, ಕೊನೆಗೆ ಖಂಬಾಟಕಿಯ ಏರಿನಲ್ಲಿ ಕೈಕೊಟ್ಟವು. ಎರಡು ಲಕ್ಷ ಅರವತ್ತೈದು ಸಾವಿರದ ಅಂದಾಜು ಪಟ್ಟಿಯಲ್ಲಿ ಈ ಕೂಲರಿನ ಹೆಸರೇ ಇರಲಿಲ್ಲ. ಕಂಪನಿಯವರು ಹೇಳಿದಂತೆ ಕಣ್ಣುಮುಚ್ಚಿ ಹೊಸ ಗೇರ್ ಬಾಕ್ಸ್ ಕೂರಿಸಿದ್ದರೆ ಅದೂ ಇದೇ ಬಿಸಿ ಎಣ್ಣೆಯಲ್ಲಿ ಬೇಯಲು ಶುರುವಾಗುತ್ತಿತ್ತು. ಕುರ್ಲಾದ ಗೇರ್ ಬಾಕ್ಸ್ ತಂದಿದ್ದರಂತೂ ಹೇಳುವುದೇ ಬೇಡ. ಹಣಕ್ಕಿಂತ ಹೆಚ್ಚಾಗಿ ನನಗೆ ಸಿಟ್ಟು ತರಿಸಿದ ಸಂಗತಿ ಇದು, ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಪ್ಲೇಟು ಮತ್ತು ಸೀಲುಗಳ ಕಿಟ್ ದೆಹಲಿಯ ಕಾಶ್ಮೀರಿ ಗೇಟ್ ಬಜಾರಿನಿಂದ ಬರಲು ಆರು ದಿನ ಹಿಡಿಯಿತು, 24,500. ಟಾರ್ಕ್ ಕನ್ವರ್ಟರನ್ನು ಕತ್ತರಿಸಿ ಒಳಗಿನ ಪುಡಿ ತೊಳೆದು ಮತ್ತೆ ಬೆಸೆದು ಬ್ಯಾಲೆನ್ಸ್ ಮಾಡಿಸಲು 11,000; ಇದನ್ನು ಬಿಟ್ಟು ಉಳಿಸೋಣವೇ ಎಂದು ಕೇಳಿದ್ದಕ್ಕೆ, ಅದರೊಳಗಿನ ಹೊಲಸು ಹೊಸ ಪ್ಲೇಟಿಗೆ ಹೋಗಿ ಸೇರುತ್ತದೆ, ಬಿಡುವುದಾದರೆ ಕೆಲಸವೇ ಬೇಡ ಎಂದು ಅವರು ಖಡಾಖಂಡಿತವಾಗಿ ಹೇಳಿದರು. ಎಣ್ಣೆಯನ್ನು ಬೇಕಾದ ಕ್ಲಚ್ಚಿಗೆ ತಿರುಗಿಸುವ ವಾಲ್ವ್ ಬಾಡಿ ಶುಚಿ ಮಾಡಿ ಎರಡು ಸೊಲೆನಾಯ್ಡ್ ಬದಲಿಸಿದ್ದು 13,500, ಫಿಲ್ಟರು ಮತ್ತು ಏಳು ಲೀಟರ್ ಎಟಿಎಫ್ 7,800, ಕೂಲಿ 22,000. ಮುಚ್ಚಿಹೋದ ಕೂಲರನ್ನು ಬಿಟ್ಟು ರೇಡಿಯೇಟರಿನ ಮುಂದೆ ಗಾಳಿಗೆ ಒಡ್ಡಿದ ಬೇರೆ ಕೂಲರ್ ಹಾಕಿದ್ದಕ್ಕೆ 6,200. ಒಟ್ಟು 85,000. ಬಿಲ್ಲಿನ ಹಿಂದೆ ಒಂದು ವರ್ಷದ ಜವಾಬ್ದಾರಿಯನ್ನು ಕೈಯಾರೆ ಬರೆದು ಸಹಿ ಹಾಕಿಕೊಟ್ಟರು. ನನ್ನ ಆರ್‌ಸಿಯ ಅವಧಿ ಹದಿನೈದು ವರ್ಷ, 2029ರ ಆಗಸ್ಟ್‌ವರೆಗೆ. ನಾಲ್ಕು ವರ್ಷದ ಓಡಾಟಕ್ಕೆ ಎಂಬತ್ತೈದು ಸಾವಿರ ಎಂದು ಲೆಕ್ಕ ಹಾಕಿದಾಗ ಮನಸ್ಸು ಒಪ್ಪಿತು.

ಜುಲೈ ಮೊದಲ ಭಾನುವಾರ ಮತ್ತೆ ಹೊರಟೆ. ಈ ಸಲ ಸಣ್ಣ ಸ್ಕ್ಯಾನರೊಂದನ್ನು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ, ಎಟಿಎಫ್‌ನ ಉಷ್ಣತೆ ಫೋನಿನಲ್ಲಿ ಕಾಣುವಂತೆ ಇಟ್ಟುಕೊಂಡಿದ್ದೆ. ಶಿರವಳದಲ್ಲಿ 78 ಡಿಗ್ರಿ. ಘಾಟಿನ ಮೊದಲ ತಿರುವಿನಲ್ಲಿ ಗೇರು ಮೂರರಿಂದ ಎರಡಕ್ಕೆ ಇಳಿದದ್ದು ಕಾಲಿಗೆ ತಿಳಿಯಿತೇ ಹೊರತು ಜರ್ಕ್ ಬರಲಿಲ್ಲ. ಹಿಂದೆ ನಿಂತಿದ್ದ ಜಾಗ ಬಂದಾಗ ಎದೆ ಹೊಡೆದುಕೊಂಡದ್ದು ನಿಜ. ನಾನು ಕೊಟ್ಟಿದ್ದ ಕಲ್ಲುಗಳಲ್ಲಿ ಒಂದು ಅಲ್ಲೇ ರಸ್ತೆಯ ಅಂಚಿನಲ್ಲಿ ಮಳೆಯಲ್ಲಿ ನೆನೆಯುತ್ತಿತ್ತು. ಘಾಟಿನ ನೆತ್ತಿಯಲ್ಲಿ 91 ಡಿಗ್ರಿ. ಇಳಿದು ಸುರೂರು ಫಾಟಾ ತಲುಪುವಷ್ಟರಲ್ಲಿ ಅದು 82ಕ್ಕೆ ಬಂದಿತ್ತು. ಅಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಮಾಡದೆ, ಬಗ್ಗಿ ಕಾರಿನಡಿ ನೋಡಿದೆ. ಎಣ್ಣೆಯ ಹನಿ ಎಲ್ಲೂ ಇರಲಿಲ್ಲ. ಅವ್ವನಿಗೆ ಫೋನ್ ಮಾಡಿ ಘಾಟು ದಾಟಿದೆ, ಮಧ್ಯಾಹ್ನದ ಊಟಕ್ಕೆ ಬಂದುಬಿಡುತ್ತೇನೆ, ಬಟ್ಟೆ ಕಟ್ಟಿಕೊಂಡಿರು ಎಂದೆ.